ಬಾಯಿ ಮುಚ್ಚಿದ ದೋಣಿ

ಆಚೆ ದಡದ ಶಾಲೆಗೆ ವರ್ಗವಾಗಿ ಬಂದ ಮೇಷ್ಟ್ರು ಆ ದೋಣಿಯವನನ್ನು ಮೊದಲ ಸಲ ಕಂಡಾಗ ನೋಡಿದ್ದು ಮುಖವನ್ನಲ್ಲ, ಬೆನ್ನನ್ನು. ಸರೋವರದ ನಟ್ಟನಡುವೆ ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಗಿತ್ತು. ಆತ ಹಿಂಬದಿಯ ಹಲಗೆ ಎತ್ತಿ, ತಲೆಯನ್ನು ಒಳಗೆ ತೂರಿಸಿ, ಬೆನ್ನನ್ನು ಮಾತ್ರ ಪ್ರಯಾಣಿಕರಿಗೆ ಬಿಟ್ಟುಕೊಟ್ಟಿದ್ದ.

"ಏನಾಯ್ತಪ್ಪ?" ಎಂದರು ಮೇಷ್ಟ್ರು.

"ತಡೀರಿ," ಎಂದಿತು ಬೆನ್ನು.

"ಶಾಲೆ ಗಂಟೆ ಹೊಡೆದುಬಿಡುತ್ತಲ್ಲ..."

"ತಡೀರಿ ಸಾರ್, ಒಂದೇ ನಿಮಿಷ."

ಪಕ್ಕದಲ್ಲಿ ಕುಳಿತಿದ್ದ ಮೀನು ಮಾರುವ ಹೆಂಗಸು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ನಕ್ಕಳು. "ಹೊಸಬರಾ ಸಾರ್? ಅವನ ಹೆಸರೇ ಅದು, ತಡೀರಿ. ಅವನು ಒಂದು ನಿಮಿಷ ಅಂದರೆ ನನ್ನ ಮೀನು ನಾರೋಕೆ ಶುರುವಾಗುತ್ತೆ."

ಬೆನ್ನು ಇನ್ನಷ್ಟು ಬಗ್ಗಿತು. ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು, ಒಳಗೊಂದು ಕೋಲು ಇಳಿಸಿ ನೋಡಿತು. ಪೆಟ್ರೋಲು ಬೇಕಾದಷ್ಟಿತ್ತು. ಮುಚ್ಚಳವನ್ನು ಮತ್ತೆ ಬಿಗಿದು, ಹಗ್ಗ ಸುತ್ತಿ ಎಳೆದರೆ ಎಂಜಿನ್ನು ತನಗೇನೂ ಆಗಿಯೇ ಇಲ್ಲವೆಂಬಂತೆ ಹೊರಟುಬಿಟ್ಟಿತು. ದಡ ಕಣ್ಣಿಗೆ ಬೀಳುವಷ್ಟರಲ್ಲಿ ಮತ್ತೆ ಕೆಮ್ಮು, ಮತ್ತೆ ಮೌನ, ಮತ್ತೆ ಬೆನ್ನು. ಕೊನೆಗೆ, ಬೆನ್ನು ಏಳುವತನಕ ಕಾಯದೆ, ಎಲ್ಲರೂ ಕೈಯಿಂದ ನೀರು ಎಳೆಯುತ್ತಾ ದಡ ಸೇರಿದರು. ಇಳಿಯುವಾಗ ಮೇಷ್ಟ್ರಿಗೆ ಆತನ ಮುಖ ಕಂಡಿತು. ಬೈಯಬೇಕೆಂದು ತೆರೆದ ಬಾಯನ್ನು ಅವರು ಹಾಗೇ ಮುಚ್ಚಿಕೊಂಡರು. ರಾತ್ರಿಯಿಡೀ ಅಳುವ ಮಗುವನ್ನು ಎತ್ತಿಕೊಂಡು ತಿರುಗಿದವನ ಮುಖ ಅದು.

ದೋಣಿಗೆ ಬಣ್ಣ ಬಳಿದ ವಾರದಿಂದಲೇ ಶುರುವಾದ ಕಾಟವಿದು. ಅಲ್ಲಿಯತನಕ ಆ ಮುದಿ ಎಂಜಿನ್ನು ಹೊಗೆ ಉಗುಳುತ್ತಿತ್ತು, ಗದ್ದಲ ಮಾಡುತ್ತಿತ್ತು, ಆದರೆ ನಡುನೀರಲ್ಲಿ ಕೈಬಿಟ್ಟಿರಲಿಲ್ಲ. ತಡೀರಿ ಮೊದಲು ಫಿಲ್ಟರ್ ಬದಲಿಸಿದ. ದೋಣಿ ನಿಂತಿತು. ಪೈಪು ಬದಲಿಸಿದ. ನಿಂತಿತು. ಬಿಡಿಭಾಗದ ಅಂಗಡಿಯವನ ಮಾತು ಕೇಳಿ ಪಂಪನ್ನೇ ಹೊಸದು ಹಾಕಿದ. ಅದೇ ಜಾಗದಲ್ಲಿ, ಅದೇ ಕೆಮ್ಮು. ಅಂಗಡಿಯವನು ಇಂಧನದ ಒತ್ತಡ ತೋರಿಸುವ ಮೀಟರೊಂದನ್ನು ಎರವಲು ಕೊಟ್ಟ. ಈಗ ತಡೀರಿಗೆ ರೋಗ ಕಣ್ಣಿಗೇ ಕಾಣುತ್ತಿತ್ತು. ಮದ್ದು ಮಾತ್ರ ಕಾಣುತ್ತಿರಲಿಲ್ಲ. ನೀರಿಗಿಳಿದರೆ ಮೀಟರಿನ ಮುಳ್ಳು ಸ್ವಲ್ಪ ಹೊತ್ತು ನೆಟ್ಟಗೆ ನಿಂತು, ಆಮೇಲೆ ತೂಕಡಿಸುವವನ ತಲೆಯ ಹಾಗೆ ಕೆಳಕ್ಕೆ ವಾಲುತ್ತಿತ್ತು. ದೋಣಿಯನ್ನು ಎಳೆದು ಮನೆಯ ಹಿಂದಿನ ಚಪ್ಪರದಡಿ ನಿಲ್ಲಿಸಿ, ಎಂಜಿನ್ನಿನ ಕಾಲನ್ನು, ಫ್ಯಾನಿರುವ ತುದಿಯನ್ನು, ನೀರಿನ ಪೀಪಾಯಿಯಲ್ಲಿ ಇಳಿಸಿ ಓಡಿಸಿದರೆ, ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ.

"ಮನೇಲಿ ಗುಡುಗುತ್ತೆ, ನೀರಲ್ಲಿ ಮೂಗ," ಎಂದಳು ಹೆಂಡತಿ. "ಥೇಟ್ ನಿಮ್ಮ ಹಾಗೇ."

ತಡೀರಿಗೆ ನಗು ಬರಲಿಲ್ಲ. ಜಲಸಾರಿಗೆ ಕಚೇರಿಯ ಸಾಹೇಬರು ತಪಾಸಣೆಗೆ ಬರುವ ದಿನ ಹತ್ತಿರ ಬಂದಿತ್ತು. ಅವರನ್ನು ಕೂರಿಸಿಕೊಂಡು ಆಚೆ ದಡಕ್ಕೆ ಹೋಗಿ ನಿಲ್ಲದೆ ವಾಪಸು ಬಂದರೆ ಜನರನ್ನು ಹತ್ತಿಸುವ ಪರವಾನಗಿ ಉಳಿಯುತ್ತದೆ. ನಡುನೀರಲ್ಲಿ ನಿಂತರೆ ಅಲ್ಲಿಗೆ ಮುಗಿಯಿತು. ದೋಣಿ ಬಲೆ ಒಣಗಿಸುವ ಜಗಲಿಯಾಗುತ್ತದೆ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಮನೆಯಲ್ಲಿ ಇನ್ನೊಂದು ಎಂಜಿನ್ನೂ ಕೆಟ್ಟು ನಿಂತಿತ್ತು. ಅದು ಮಾವ. ದೋಣಿ ಕಟ್ಟುವ ಬಡಗಿ. ಈ ದೋಣಿಯ ಒಂದೊಂದು ಹಲಗೆಯೂ ಅವರ ಕೈಯದು. ಮಗಳ ಮನೆಯಲ್ಲೇ ಇದ್ದು, ವರ್ಷಕ್ಕೊಮ್ಮೆ ದೋಣಿಯನ್ನು ಉಜ್ಜಿ, ಮೆತ್ತಿ, ಬಣ್ಣ ಬಳಿದು ಕೊಡುತ್ತಿದ್ದರು. ಈ ಸಲ ಬಣ್ಣದ ಹೊತ್ತಿನಲ್ಲಿ, "ಅಳಿಯಂದಿರೇ, ಈ ಎಂಜಿನ್ ವಾಸನೆ ಜಾಸ್ತಿಯಾಯ್ತು, ಒಂದು ಸಲ ನೋಡಿಸಿ" ಎಂದಿದ್ದರು. ತಡೀರಿ ಆಗ ಯಾವುದೋ ಮೊಳೆಗೆ ಬೆರಳು ಚುಚ್ಚಿಕೊಂಡು ಕುದಿಯುತ್ತಿದ್ದ. "ಮರದ ಕೆಲಸ ನಿಮ್ಮದು, ಎಂಜಿನ್ ನನ್ನದು. ಅದರಲ್ಲಿ ಬಾಯಿ ಹಾಕಬೇಡಿ ಮಾವ" ಎಂದುಬಿಟ್ಟ. ಮಾವ ಕುಂಚವನ್ನು ಒರೆಸಿಟ್ಟು ಒಳಗೆ ಹೋದರು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಒಂದೇ ಹಜಾರದಲ್ಲಿ ಎದುರುಬದುರು ಕುಳಿತು ಉಣ್ಣುತ್ತಾರೆ, ಮಾತೆಲ್ಲ ಮಗಳ ಮೂಲಕ.

"ಅಮ್ಮಾ, ನಿನ್ನ ಗಂಡನಿಗೆ ಹೇಳು, ನನ್ನ ಉಳಿ ಅವರ ಪೆಟ್ಟಿಗೆಯಲ್ಲಿದೆ."

"ನಿಮ್ಮಪ್ಪನಿಗೆ ಹೇಳು, ಅವರ ಉಳಿ ನಾನು ಮುಟ್ಟಿಲ್ಲ."

"ಇಬ್ಬರೂ ಕೇಳಿ," ಎಂದಳು ಅವಳು ಸೌಟನ್ನು ಪಾತ್ರೆಯ ಮೇಲೆ ಕುಟ್ಟಿ. "ನನ್ನ ಬಾಯಿ ಏನು ನಿಮ್ಮ ದೋಣೀನಾ, ಆ ದಡದ ಮಾತು ಈ ದಡಕ್ಕೆ ಸಾಗಿಸೋಕೆ? ನಾಳೆಯಿಂದ ನಾನೂ ನಡುವೆ ನಿಂತುಬಿಡ್ತೀನಿ. ಆಗ ಗೊತ್ತಾಗುತ್ತೆ."

ತಪಾಸಣೆಯ ಹಿಂದಿನ ದಿನ ಮಧ್ಯಾಹ್ನ ತಡೀರಿ ಚಪ್ಪರದಡಿ ಕಡೆಯ ಸಲವೆಂದು ಕುಳಿತ. ಟ್ಯಾಂಕಿನ ಬಾಯಿಗೆ ಆಲಿಕೆ ಇಟ್ಟು, ಕುತ್ತಿಗೆಯವರೆಗೆ ಪೆಟ್ರೋಲು ತುಂಬಿಸಿ, ಆಲಿಕೆಯನ್ನು ಎಂದಿನಂತೆ ಅಲ್ಲೇ ಬಿಟ್ಟು ಎಂಜಿನ್ನು ಶುರು ಮಾಡಿದ. ಮುಳ್ಳು ಸಿಪಾಯಿಯ ಹಾಗೆ ನಿಂತಿತು. ಅವನಿಗೆ ರೇಗಿಹೋಯಿತು. "ನಿಲ್ಲು! ಈಗ ನಿಲ್ಲು ನೋಡೋಣ! ನನ್ನ ಮಾನ ತೆಗೆಯೋಕೆ ನಿನಗೆ ನೀರೇ ಬೇಕಾ?" ಎಂದು ಎಂಜಿನ್ನಿಗೆ ಕೂಗಿದ. ಜಗಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿದ್ದ ಮಾವ ಕೆಮ್ಮಿದರು. ಅದು ಬರಿಯ ಕೆಮ್ಮೋ, ಏನಾದರೂ ಹೇಳುವ ಕೆಮ್ಮೋ ತಿಳಿಯಲಿಲ್ಲ.

ಬಟ್ಟೆ ಒಣಹಾಕಲು ಬಂದ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ರೀ, ಅದರ ಬಾಯಿ ಮುಚ್ರೀ! ಒಗೆದ ಬಟ್ಟೆಯೆಲ್ಲ ಪೆಟ್ರೋಲ್ ನಾರುತ್ತೆ."

"ತಡಿ, ಒಂದು ನಿಮಿಷ."

"ನಿಮ್ಮ ಒಂದು ನಿಮಿಷ ನನಗೆ ಗೊತ್ತಿಲ್ವಾ?" ಎಂದವಳೇ ಬಕೆಟ್ಟು ಕೆಳಗಿಟ್ಟು, ಆಲಿಕೆ ಕಿತ್ತು, ಮುಚ್ಚಳವನ್ನು ಉಪ್ಪಿನಕಾಯಿ ಜಾಡಿಗೆ ಹಾಕುವಂತೆ ಬಿಗಿಯಾಗಿ ತಿರುಗಿಸಿಬಿಟ್ಟಳು.

ಅವಳು ಬಟ್ಟೆ ಹರವಿ ಮುಗಿಸಿರಲಿಲ್ಲ, ಮುಳ್ಳು ವಾಲತೊಡಗಿತು. ತಡೀರಿ ಕಣ್ಣುಜ್ಜಿಕೊಂಡ. ಮುಳ್ಳು ಇನ್ನೂ ಇಳಿಯಿತು. ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮನೆಯ ಹಿಂದೆ, ಒಣನೆಲದ ಮೇಲೆ, ಮೊಟ್ಟಮೊದಲ ಸಲ!

ಅವನು ಮುಚ್ಚಳಕ್ಕೆ ಕೈ ಹಾಕಿದ. ಅದು ಸುಲಭಕ್ಕೆ ಬರಲಿಲ್ಲ. ಬಲವಾಗಿ ತಿರುಗಿಸಿದಾಗ ಟ್ಯಾಂಕು 'ಸ್ಸ್' ಎಂದು ಉದ್ದಕ್ಕೆ ಗಾಳಿ ಎಳೆದುಕೊಂಡಿತು. ಮುಳುಗಿದವನು ಮೇಲೆ ಬಂದು ಎಳೆದುಕೊಳ್ಳುವ ಉಸಿರಿನಂತಿತ್ತು ಆ ಸದ್ದು. ನಡುನೀರಲ್ಲಿ ಎಂಜಿನ್ನಿನ ಗುಂಗಿನಲ್ಲೂ ಜನರ ಗೊಣಗಾಟದಲ್ಲೂ ಅವನ ಕಿವಿಗೆ ಬಿದ್ದಿರದ ಸದ್ದು.

ತಡೀರಿ ಹಾಗೇ ನೆಲದ ಮೇಲೆ ಕುಳಿತುಬಿಟ್ಟ. ಪೆಟ್ರೋಲು ಖಾಲಿಯಾದಷ್ಟು ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಹೊಸ ಪಂಪಾದರೂ ಎಷ್ಟು ಎಳೆದೀತು? ಪ್ರತಿ ಸಲ ದೋಣಿ ನಿಂತಾಗಲೂ ಅವನು ಮುಚ್ಚಳ ತೆಗೆದು ಕೋಲು ಇಳಿಸಿ ನೋಡುತ್ತಿದ್ದ. ಆ ಒಂದು ಗುಟುಕು ಗಾಳಿಯಲ್ಲಿ ಎಂಜಿನ್ನು ಮತ್ತೆ ಸ್ವಲ್ಪ ದೂರ ಓಡುತ್ತಿತ್ತು. ಮನೆಯಲ್ಲಂತೂ ಆಲಿಕೆ ಇಟ್ಟ ಬಾಯಿ ತೆರೆದೇ ಇರುತ್ತಿತ್ತು. ಮದ್ದನ್ನು ಕೈಯಾರೆ ಕೊಡುತ್ತಾ ಇದ್ದವನಿಗೆ ತಾನು ಕೊಡುತ್ತಿರುವುದೇ ಮದ್ದೆಂದು ತಿಳಿದಿರಲಿಲ್ಲ.

ಹಾಗಾದರೆ ಟ್ಯಾಂಕು ಮೊದಲು ಉಸಿರಾಡುತ್ತಿದ್ದುದು ಎಲ್ಲಿಂದ? ಅವನು ಹಲಗೆಯ ಹಿಂದೆ ಕೈ ತೂರಿಸಿ ತಡಕಿದ. ಟ್ಯಾಂಕಿನ ನೆತ್ತಿಯಿಂದ ಬೆರಳು ದಪ್ಪದ ಕೊಳವೆಯೊಂದು ಹೊರಟು ದೋಣಿಯ ಪಕ್ಕೆಯವರೆಗೆ, ನೀರು ಮುಟ್ಟದ ಎತ್ತರಕ್ಕೆ, ಹೋಗಿತ್ತು. ಟ್ಯಾಂಕು ಕೂರಿಸಿದ್ದು ಹಿಂದಿನ ಮೆಕ್ಯಾನಿಕ್ಕು; ಈ ಕೊಳವೆಯನ್ನು ತಡೀರಿ ಎಂದೂ ಕೆದಕಿ ನೋಡಿರಲಿಲ್ಲ. ಹೊರಗೆ ಬಂದು ಅದೇ ನೇರಕ್ಕೆ ಪಕ್ಕೆಯನ್ನು ಸವರಿದ. ನೀಲಿ ಬಣ್ಣ, ಬೆಣ್ಣೆ ಸವರಿದಷ್ಟು ನುಣುಪು. ಒಂದು ಗೀರೂ ಇಲ್ಲ. ಇಷ್ಟು ನುಣ್ಣಗೆ ಕೆಲಸ ಮಾಡುವ ಕೈ ಅವನಿಗೆ ಗೊತ್ತಿದ್ದದ್ದು ಒಂದೇ.

ಜಗಲಿಯ ಕಡೆ ನೋಡಿದ. ಹೆಂಡತಿಯ ಕಡೆ ನೋಡಿದ.

"ನಾನು ಕೇಳಲ್ಲ," ಎಂದಳು ಅವಳು ಬಟ್ಟೆಗೆ ಕ್ಲಿಪ್ಪು ಸಿಕ್ಕಿಸುತ್ತಾ. "ನನ್ನ ದೋಣಿ ನಿಂತಿದೆ."

ತಡೀರಿ ಗಂಟಲು ಸರಿಮಾಡಿಕೊಂಡ. "ಮಾವ."

ಮಾವ ಬೆಚ್ಚಿದರು. ಹೊರಗೆ ತೋರಿಸಿಕೊಳ್ಳಲಿಲ್ಲ. "ಯಾರೋ ಕರೆದ ಹಾಗಾಯ್ತಲ್ಲಮ್ಮಾ."

"ಇಲ್ಲೊಂದು ತೂತಿತ್ತಾ ಮಾವ?"

"ಇತ್ತು. ಬಟಾಣಿ ಗಾತ್ರದ್ದು. ಬೆಣೆ ಹೊಡೆದು, ಮೆತ್ತಿ, ಬಣ್ಣ ಬಳಿದೆ. ಈಗ ಹುಡುಕಿ ನೋಡಿ, ಸಿಕ್ಕರೆ ನನ್ನ ಕಿವಿ ಕತ್ತರಿಸಿ." ದನಿಯಲ್ಲಿ ಹೆಮ್ಮೆಯಿತ್ತು. "ನಾನು ಕಟ್ಟಿದ ದೋಣಿಯಲ್ಲಿ ತೂತು ಬಿಡೋಕೆ ನಾನೇನು ಜರಡಿ ಮಾಡೋನಾ?"

"ಅದು ಟ್ಯಾಂಕಿನ ಮೂಗು, ಮಾವ!" ತಡೀರಿಯ ದನಿ ಒಡೆಯಿತು. "ಮೂಗು ಮುಚ್ಚಿ ಕೂರಿಸಿದ್ದೀರಿ! ನಾನು ಫಿಲ್ಟರ್ ಹಾಕಿದೆ, ಪೈಪು ಹಾಕಿದೆ, ಪಂಪು ಹಾಕಿದೆ, ಊರವರ ಬಾಯಲ್ಲೆಲ್ಲ ಬೈಸಿಕೊಂಡೆ. ನೋಡ್ತಾ ಕೂತಿದ್ರಲ್ಲ, ಒಂದು ಮಾತು, ಒಂದೇ ಒಂದು ಮಾತು ಹೇಳಬಾರದಿತ್ತಾ?"

"ಮರದ ತೂತು ಮುಚ್ಚಿದ್ದು ಮರದ ಕೆಲಸ ಅಂದುಕೊಂಡೆ. ಆಮೇಲೆ ಇದೇ ಇರಬಹುದಾ ಅಂತ ಒಂದೆರಡು ಸಲ ಅನ್ನಿಸಿತು." ಮಾವ ಕುರ್ಚಿಯ ಕೈಯನ್ನು ಉಜ್ಜಿದರು. "ಬಾಯಿ ಹಾಕಬೇಡ ಅಂದಿದ್ರಲ್ಲ. ಹಾಕಲಿಲ್ಲ."

ತಡೀರಿಗೆ ಕೋಪವನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಪೀಪಾಯಿಗೊಂದು ಒದೆ ಕೊಟ್ಟ, ಕಾಲು ನೋಯಿತು. ಮಾವ ಎದ್ದು ಬಂದು ಕೈ ಚಾಚಿದರು. "ಬೈರಿಗೆ ಕೊಡಿ. ನೀವು ಕೊರೆದರೆ ಹಲಗೆ ಸೀಳುತ್ತೆ." ಹೇಳಿದವರೇ, ತಮ್ಮ ಕೈಯಿಂದ, ತಮ್ಮ ನೀಲಿ ಬಣ್ಣಕ್ಕೆ, ಹಲ್ಲು ಕಚ್ಚಿಕೊಂಡು ತೂತು ಕೊರೆದರು. ಆ ಹೊತ್ತಿನಲ್ಲಿ ಅವರ ಮುಖ ನೋಡಿದವರು, ಇವರು ಹಲ್ಲು ಕೀಳಿಸಿಕೊಳ್ಳುತ್ತಿದ್ದಾರೆ ಎನ್ನಬೇಕು.

ಮರುದಿನ ಸಾಹೇಬರು ಬಂದರು. ಮಾವನೂ ಕರೆಯದೆಯೇ ಬಂದು ಮುಂದಿನ ಹಲಗೆಯ ಮೇಲೆ ಕುಳಿತರು. ಶಾಲೆಗೆ ಹೊರಟ ಮೇಷ್ಟ್ರು ಮೂಲೆಯಲ್ಲಿ ಚೀಲ ಅಪ್ಪಿಕೊಂಡು ಕುಳಿತಿದ್ದರು. ದಿನವೂ ದೋಣಿ ನಿಲ್ಲುತ್ತಿದ್ದ ಜಾಗ ಬಂದಾಗ ತಡೀರಿಯ ಬೆನ್ನು ತಾನಾಗಿ ಬಗ್ಗಿತು. ಮುಳ್ಳು ನೆಟ್ಟಗಿತ್ತು. ದೋಣಿ ಆಚೆ ದಡ ಮುಟ್ಟಿ, ಮೇಷ್ಟ್ರನ್ನು ಇಳಿಸಿ, ಅದೇ ಗದ್ದಲದಲ್ಲಿ ವಾಪಸು ಬಂದಿತು. ಸಾಹೇಬರು ಇಳಿದು ದಡದಲ್ಲೇ ದೋಣಿಯ ಉದ್ದಕ್ಕೂ ಒಮ್ಮೆ ನಡೆದು, ಪಕ್ಕೆಯ ಬಳಿ ನಿಂತರು.

"ಎಲ್ಲ ಸರಿಯಾಗಿದೆ. ಆದರೆ ಇದೇನ್ರೀ ಇಲ್ಲಿ ತೂತು? ಇಷ್ಟು ಚೆನ್ನಾಗಿ ಬಣ್ಣ ಹೊಡೆದಿದ್ದೀರಿ, ಇದನ್ನೊಂದು ಮುಚ್ಚಿಸಿಬಿಡಿ."

"ಬೇಡ!" ಎಂದು ಮಾವ ಅಳಿಯ ಇಬ್ಬರೂ ಒಟ್ಟಿಗೆ ಅರಚಿದ ರಭಸಕ್ಕೆ ಸಾಹೇಬರ ಕೈಯ ಪೆನ್ನು ನೀರಿಗೆ ಬಿತ್ತು. ಪರವಾನಗಿಗೆ ಸಹಿ ಬಿದ್ದದ್ದು ಮಾವನ ಬಡಗಿ ಪೆನ್ಸಿಲಿನಿಂದ. ಅದರ ಮೇಲೆ ಮಸಿ ಕಚೇರಿಯಲ್ಲಿ ಹಾಕಿದರಂತೆ.

ತಡೀರಿ ಈಗಲೂ ಅದೇ ದೋಣಿ ನಡೆಸುತ್ತಾನೆ. ಎಂಜಿನ್ನಿನ ಮೇಲಿನ ಸಿಟ್ಟೇನೂ ಹೋಗಿಲ್ಲ. ಈಚೆಗೆ ಹಗ್ಗ ಸುತ್ತುವ ಚಕ್ರ ಆಗಾಗ ಕೈಕೊಡುತ್ತದೆಂದು ದಿನವೂ ಶಪಿಸುತ್ತಾನೆ. ಮಾವ ಆ ತೂತಿನ ಮೇಲೆ ಹೆಬ್ಬೆರಳ ಉಗುರಿನಷ್ಟಗಲದ ಮರದ ಕೊಡೆಯೊಂದನ್ನು ಕೆತ್ತಿ ಕೂರಿಸಿದ್ದಾರೆ. ಬೆಳಗ್ಗೆ ಜನ ಹತ್ತಿ ಕುಳಿತು, ಮೀನಿನ ಹೆಂಗಸು ಗೊಣಗತೊಡಗಿದರೂ ತಡೀರಿ ಹಗ್ಗ ಎಳೆಯುವುದಿಲ್ಲ. ಟ್ಯಾಂಕಿನ ಮುಚ್ಚಳ ತೆರೆದಿಟ್ಟು, ಅದರ ಮೇಲೆ ಅಂಗೈ ಹಿಡಿದು ಕಾಯುತ್ತಾನೆ.

"ಹೊರಡಪ್ಪಾ!" ಎನ್ನುತ್ತಾರೆ ಜನ.

"ತಡೀರಿ," ಎನ್ನುತ್ತಾನೆ ಆತ. "ಮಾವ ಇನ್ನೂ ಬಾಯಿ ಹಾಕಿಲ್ಲ."

ಮಾವ ನಿಧಾನವಾಗಿ ಮೆಟ್ಟಿಲಿಳಿದು ಬಂದು, ಬಗ್ಗಿ, ದೋಣಿಯ ಪಕ್ಕೆಗೆ ಬಾಯಿ ಹಚ್ಚಿ ಊದುತ್ತಾರೆ. ಅಂಗೈಗೆ ಗಾಳಿ ತಾಕಿದ ಮೇಲೆ ಆತ ಮುಚ್ಚಳ ಹಾಕಿ ಹಗ್ಗ ಎಳೆಯುತ್ತಾನೆ.