ಬೀಗರ ಕರಿ ಕಾರಿನ ಎಡಗಡೆಯ ಬಾಗಿಲು

ನಾನು ಅಜ್ಜನಾದೆ!

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಹೆಣ್ಣು ಕೂಸು. ಆಗ ತಾನೇ ತೊಳೆದಿಟ್ಟ ತಾಮ್ರದ ಚೆಂಬಿನ ಬಣ್ಣ. (ಬಾಂಡೆ ಸಾಮಾನಿನ ಅಂಗಡಿಯವನು ಮೊಮ್ಮಗಳನ್ನು ಇನ್ನು ಯಾವುದಕ್ಕೆ ಹೋಲಿಸಬೇಕು?) ನನ್ನ ಹೆಬ್ಬೆರಳು ಹಿಡಿದಳೆಂದರೆ ಬಿಡುವ ಮಾತೇ ಇಲ್ಲ. ಇಳಕಲ್ಲಿನ ನಮ್ಮ ಓಣಿಯಲ್ಲಿ ಈ ವಾರ ನನ್ನ ಕೈಯ ಸಕ್ಕರೆ ತಿನ್ನದ ಬಾಯಿ ಉಳಿದಿಲ್ಲ. ಕೊಡ ಕೊಳ್ಳಲು ಬಂದವರು ಕೊಡ ಮರೆತು ಸಕ್ಕರೆ ತಿಂದು ಹೋದರು.

ಇಷ್ಟು ಸಂತೋಷವಾದಾಗ ಮನುಷ್ಯ ಸುಮ್ಮನೆ ಕೂಡಬೇಕು. ನಾನು ಕೂಡಲಿಲ್ಲ. ಅದೇ ಈ ವಾರದ ಕಥೆ.

ಮಗಳು ಶಾಂತಾಳನ್ನು ಬಾಗಲಕೋಟೆಗೆ ಕೊಟ್ಟಿದ್ದೇನೆ. ಹೆರಿಗೆ ಅಲ್ಲಿಯ ದವಾಖಾನೆಯಲ್ಲೇ ಆಯಿತು. ಬಾಣಂತನಕ್ಕೆ ತವರಿಗೆ ಕರೆತರಬೇಕು. ಬೀಗರು ವಕೀಲರು. "ಹಸುಗೂಸಿನ್ನ ಬಸ್ಸಿನ್ಯಾಗ ಒಯ್ಯೂದು ಬ್ಯಾಡ್ರಿ, ನನ್ನ ಗಾಡಿ ಕಳಸ್ತೇನಿ" ಎಂದರು. ಅವರ ಗಾಡಿಯೆಂದರೆ ಸಾಮಾನ್ಯವೇ? ಕರಿ ಅಂಬಾಸಿಡರ್. ಇಪ್ಪತ್ತು ವರ್ಷಕ್ಕೂ ಹಳೆಯದು, ಆದರೂ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಬಹುದು. ಅದರ ಮೇಲೆ ಯಾರಾದರೂ ಮೈಯೊರಗಿಸಿ ನಿಂತರೂ ಬೀಗರು ಕೆಮ್ಮುತ್ತಾರೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಕಾರು ನಮ್ಮ ಬಾಗಿಲಿಗೆ ಬಂತು. ಹಿಂದಿನ ಸೀಟಿನಲ್ಲಿ ಶಾಂತಾ, ಪಕ್ಕದಲ್ಲಿ ನನ್ನ ಮನೆಯಾಕೆ ಗೌರವ್ವ, ಅವಳ ತೊಡೆಯ ಮೇಲೆ ನನ್ನ ತಾಮ್ರದ ಚೆಂಬು. ಬೀಗರೂ ಅಳಿಯ ಮಹಾಂತೇಶನೂ ಸಂಜೆಯ ಬಸ್ಸಿಗೆ ಬರುವವರು. ನಮ್ಮಲ್ಲೇ ಊಟ, ಆಮೇಲೆ ತಮ್ಮ ಕಾರಿನಲ್ಲಿ ವಾಪಸು.

ಕೂಸು ಒಳಗೆ ಹೋಯಿತು. ಡ್ರೈವರ್ ಭೀಮಪ್ಪ ಮಂಡಕ್ಕಿ ಸುಸಲಾ ತಿನ್ನಲು ಕೂತ. ನಾನು ಕಾರು ನೋಡಿದೆ. ಹುನಗುಂದದ ದಾರಿಯ ಕೆಂಧೂಳೆಲ್ಲ ಅದರ ಮೈಮೇಲೆ. ನನ್ನ ಮೊಮ್ಮಗಳನ್ನು ಹೊತ್ತು ತಂದ ಗಾಡಿ ಹೀಗಿರಬೇಕೇ?

ನಲವತ್ತು ವರ್ಷ ಹಿತ್ತಾಳೆ ತಿಕ್ಕಿದ ಕೈ ಇದು. ಸಾಲೆಯನ್ನು ನಾಲ್ಕನೇ ಇಯತ್ತೆಗೇ ಬಿಟ್ಟೆ (ನನ್ನ ಒತ್ತಕ್ಷರ ತಿದ್ದಿ ತಿದ್ದಿ ಸಂಪಾದಕರ ಕೂದಲು ಬೆಳ್ಳಗಾಗಿದೆ), ಆದರೆ ಹೊಳಪಿನ ವಿಷಯದಲ್ಲಿ ನನಗೆ ಪಾಠ ಹೇಳುವವರು ಈ ತಾಲೂಕಿನಲ್ಲಿ ಯಾರಿದ್ದಾರೆ? ಎರಡು ಸಲ ಸೋಸಿದ ಬೂದಿ ತಂದೆ. ತೆಂಗಿನ ನಾರು ತಂದೆ. ಒಂದು ಬಕೆಟ್ ನೀರು. ದೊಡ್ಡ ಹಂಡೆ ತಿಕ್ಕುವ ಹಾಗೆ ಸುತ್ತ ಸುತ್ತ, ಸುತ್ತ ಸುತ್ತ, ಬಾನೆಟ್ಟಿನಿಂದ ಡಿಕ್ಕಿಯವರೆಗೆ ಒಂದು ಗೇಣು ಬಿಡದೆ ತಿಕ್ಕಿದೆ. ಬೆವರು ಸುರಿಯಿತು. ಹಾಡೂ ಬಂತು.

ನೀರು ಹೊಯ್ದೆ. ಆಹಾ! ನೆರಳಿನಲ್ಲಿ, ಹಸಿ ಮೈಯಲ್ಲಿ, ಕಾರು ಕನ್ನಡಿಯಂತೆ ನಿಂತಿತ್ತು. ಫಸ್ಟ್ ಕ್ಲಾಸ್.

ಭೀಮಪ್ಪ ಕೈ ತೊಳೆದುಕೊಂಡು ಬಂದು ಒಣಗಲಿ ಎಂದು ಕಾರನ್ನು ಬಿಸಿಲಿಗೆ ತಂದು ನಿಲ್ಲಿಸಿದ. ನೀರು ಆರಿತು.

ನಾನು ಓಡಿ ಹೋಗಿ ಬಾನೆಟ್ಟಿಗೆ ಮೂಗು ತಾಗಿಸಿ ನೋಡಿದೆ.

ಕಾರಿನ ತುಂಬ ಉಂಗುರಗಳು! ಒಂದಲ್ಲ ಎರಡಲ್ಲ, ಸಾವಿರ. ಜೇಡ ತಲೆ ಕೆಟ್ಟು ಬಲೆ ನೇಯ್ದ ಹಾಗೆ. ಬಾನೆಟ್ಟಿನಲ್ಲಿ ಸೂರ್ಯ ಕಾಣುತ್ತಿದ್ದ, ಅವನ ಸುತ್ತ ಬೆಳ್ಳಗೆ ಸುತ್ತುಸುತ್ತಾದ ಗೀರು. ನಾನು ಈ ಕಡೆ ಸರಿದೆ, ಉಂಗುರಗಳೂ ಸರಿದವು. ಆ ಕಡೆ ಹೋದೆ, ಅಲ್ಲಿಗೂ ಬಂದವು.

"ಕಾಕಾ, ಏನ್ ಹಚ್ಚಿ ತಿಕ್ಕೀರಿ?" ಭೀಮಪ್ಪ ಬಾನೆಟ್ಟಿನ ಮೇಲೆ ಬೆರಳಾಡಿಸುತ್ತ ಕೇಳಿದ.

"ಬೂದಿ. ಎರಡ ಸಲ ಸೋಸಿದ್ದು."

"ಬೂದೀ? ಕೊಡಾ ಅಂತ ತಿಳಿದ್ರೇನ್ರಿ ಇದನ್ನ?"

ನಿಜವಾಗಿ ಹಾಗೇ ತಿಳಿದಿದ್ದೆ.

ಅವನು ಕಟ್ಟೆಯ ಮೇಲೆ ಕುಸಿದ. "ನಾ ಕೆಲಸಕ್ಕ ಸೇರಿ ಇನ್ನಾ ತಿಂಗಳಾಗಿಲ್ರಿ. ಸಾಹೇಬ್ರು ಈ ಗಾಡೀನ ಯಾರ ಕೈಯಾಗೂ ಕೊಡೂದಿಲ್ಲ. ಇವತ್ತ ಸಂಜಿಗೆ ನನ್ನ ಕೆಲಸ ಹೋತು."

ಅವನ ಕೆಲಸ. ಅದಕ್ಕಿಂತ ಹೆಚ್ಚಾಗಿ ನನ್ನ ಮಗಳ ಮಾನ. ವರ್ಷವಿಡೀ ಆ ಮನೆಯಲ್ಲಿ 'ನಿಮ್ಮಪ್ಪ ಬೂದಿ ಹಚ್ಚಿದ್ನಲ್ಲ' ಎಂಬ ಒಂದು ಮಾತು ಸಾಕಲ್ಲವೇ, ಬಂಗಾರದಂಥ ಸಂಬಂಧಕ್ಕೆ?

ಗೌರವ್ವ ಹೊರಗೆ ಬಂದಳು. ನೋಡಿದಳು. ಹಣೆ ಬಡಿದುಕೊಂಡಳು. ಬೈಗುಳ ಮುಗಿಸಿ (ಅದನ್ನು ಇಲ್ಲಿ ಬರೆಯುವುದಿಲ್ಲ, ಈ ಪತ್ರಿಕೆ ಮಕ್ಕಳೂ ಓದುತ್ತಾರೆ) ಮೆಲ್ಲಗೆ ಹೇಳಿದಳು: "ಶಾಂತಾಗ ಒಂದ ಅಕ್ಷರ ಗೊತ್ತಾಗಬಾರದು. ಬಾಣಂತಿಗೆ ಚಿಂತಿ ಹತ್ತಿದ್ರ ಹಾಲು ಬತ್ತತೈತಿ."

ನಮ್ಮ ಕಡೆ ಇದು ಕಾಯ್ದೆ. ಬಾಣಂತಿಯ ಕೋಣೆಗೆ ಬಿಸಿ ಗಾಳಿ ಹೋಗಬಾರದು, ತಣ್ಣನೆ ಗಾಳಿ ಹೋಗಬಾರದು, ಕೆಟ್ಟ ಸುದ್ದಿಯಂತೂ ಹೋಗಲೇಬಾರದು. ಬಾಗಿಲು ಮುಚ್ಚಿದೆವು.

ಲಾರಿಗಳಿಗೆ ಬಣ್ಣ ಹೊಡೆಯುವ ಮೌಲಾಸಾಬನನ್ನು ಕರೆಸಿದೆ. ಸೈಕಲ್ಲಿನಿಂದ ಇಳಿದವನೇ ಕಾರು ನೋಡಿ ನಕ್ಕ. "ಕಾಕಾ, ಇದಕ್ಕ ಕಲಾಯಿನೂ ಮಾಡಬೇಕಂತಿದ್ರೇನು?"

"ನಗಬ್ಯಾಡೋ ಮಾರಾಯಾ. ಸಂಜಿ ಬಸ್ಸಿಗೆ ಬೀಗರು ಬರ್ತಾರ."

ನಗು ನಿಂತಿತು. ಬೀಗರೆಂದರೆ ಏನೆಂದು ಅವನಿಗೂ ಗೊತ್ತು, ಅವನಿಗೂ ಇಬ್ಬರು ಹೆಣ್ಣುಮಕ್ಕಳು. ಗೀರಿನ ಮೇಲೆ ಅಡ್ಡಲಾಗಿ ಹೆಬ್ಬೆರಳ ಉಗುರು ಎಳೆದ. "ಉಗುರು ಸಿಗಾಕಿಕೊಂಡಿಲ್ಲ. ಮ್ಯಾಲಮ್ಯಾಲ ಅದಾವು. ಹೋಗ್ತಾವ ಬಿಡ್ರಿ."

ಮೊದಲು ಹತ್ತು ಬಕೆಟ್ ನೀರು ಹೊಯ್ಯಿಸಿದ. ಬೂದಿಯ ಒಂದು ಕಣ ಉಳಿದರೂ ಅದು ಮತ್ತೆ ಗೀರುತ್ತದಂತೆ. ಕಾರನ್ನು ನೆರಳಿಗೆ ಸರಿಸಿದ. ಡಬ್ಬಿಯಿಂದ ಕಂಪೌಂಡ್ ಎಂಬ ಮಂದ ಲೇಪ ತೆಗೆದ. ಆಮೇಲೆ ಕೇಳಿದ: "ಅರಿವಿ ಕೊಡ್ರಿ. ಹಳೇದು, ಭಾಳ ಮೆತ್ತಂದು. ಹೊಸಾ ಅರಿವಿ ನಡೆಂಗಿಲ್ಲ, ಗೀರತೈತಿ."

ಅಂಥ ಬಟ್ಟೆ ಮನೆಯಲ್ಲಿ ಒಂದೇ ಕಡೆ ಇತ್ತು. ಕೂಸಿಗೆಂದು ಗೌರವ್ವ ಆರು ತಿಂಗಳಿಂದ ಒಗೆದು ಮಡಿಚಿಟ್ಟಿದ್ದ ನನ್ನ ಹಳೆಯ ಧೋತರದ ತುಂಡುಗಳು. ಹಸುಗೂಸಿಗೂ ಹೊಸ ಬಟ್ಟೆ ಸುತ್ತುವುದಿಲ್ಲ ನಾವು. ಚರ್ಮ ಗೀರುತ್ತದೆ ಎಂದೇ.

"ಕೂಸಿಗೆ ಇಟ್ಟದ್ದು ಕಾರಿಗಾ?" ಎಂದಳು. ಆದರೂ ಐದು ತುಂಡು ತಂದುಕೊಟ್ಟಳು.

ಮೌಲಾಸಾಬ ತಿಕ್ಕಲು ಶುರು ಮಾಡಿದ. ಸುತ್ತ ಅಲ್ಲ, ಉದ್ದಕ್ಕೆ. ಹಿಂದೆ ಮುಂದೆ, ಹಿಂದೆ ಮುಂದೆ. ಎರಡು ನಿಮಿಷಕ್ಕೆ ಬಟ್ಟೆ ತಿರುವಿದ. ನಾನು ಚೀರಿದೆ. ಬಿಳಿ ಧೋತರ ಕಪ್ಪಾಗಿತ್ತು!

"ಲೇ, ಬಣ್ಣಾನ ಕಿತ್ತು ಬರಾಕತ್ತೈತೋ!"

"ಬರಬೇಕ್ರಿ ಕಾಕಾ. ಗೀರು ಅಂದ್ರ ಒಂದು ತೆಗ್ಗು. ತೆಗ್ಗನ್ನ ಹ್ಯಾಂಗ ತೆಗೀತೀರಿ? ಸುತ್ತಲಿನ ಬಣ್ಣಾನ ಅದರ ಮಟ್ಟಕ್ಕ ಇಳಸಬೇಕು. ಅದಕ್ಕ ಹಗೂರಕ ತಿಕ್ಕೂದು. ಜೋರ್ ಮಾಡಿದ್ರ ತಗಡ ಕಾಣತೈತಿ."

ನನಗೆ ಆಶ್ಚರ್ಯವೆಂದರೆ ಆಶ್ಚರ್ಯ. ಇಷ್ಟು ವರ್ಷ ತಿಕ್ಕುವುದೆಂದರೆ ಕೊಳೆ ತೆಗೆಯುವುದು ಎಂದುಕೊಂಡಿದ್ದೆ. ತಿಕ್ಕಿದಾಗ ವಸ್ತುವೂ ಒಂದಿಷ್ಟು ಹೋಗುತ್ತದೆ ಎಂದು ಅರವತ್ತರ ಮೇಲೆ ಗೊತ್ತಾಯಿತು. ನಾವು ಮಕ್ಕಳನ್ನು ತಿದ್ದುತ್ತೇವಲ್ಲ, ಅದೂ ಹೀಗೇ ಇರಬಹುದೇ?

ನಾಲ್ಕು ಗಂಟೆಗೆ ಉಂಗುರಗಳೆಲ್ಲ ಮಾಯ. ಕೊನೆಗೆ ಮೇಣದ ಪಾಲಿಶ್. ನಾನು ಸುತ್ತ ನಡೆದು ನೋಡಿದೆ. ಎಡಗಡೆಯ ಹಿಂದಿನ ಬಾಗಿಲಲ್ಲಿ, ಹಿಡಿಕೆಯ ಕೆಳಗೆ, ಒಂದಿಷ್ಟು ಹಳೆಯ ಗೀರು ಉಳಿದಿದ್ದವು. ಜಾಲಿ ಮುಳ್ಳು ಪರಚಿದ ಹಾಗೆ.

"ಇವು ನಿಮ್ಮ ಬೂದೀವಲ್ರಿ," ಮೌಲಾಸಾಬ ಉಗುರು ಎಳೆದು ಹೇಳಿದ. "ಭಾಳ ವರ್ಷದ್ದು, ಆಳ ಅದಾವು. ಇವನ್ನ ಮುಟ್ಟೂದಾ?"

ಸಂತೋಷ ಮತ್ತೆ ನನ್ನ ತಲೆಗೇರಿತು. "ಮುಟ್ಟು! ಬೀಗರಿಗೆ ನನ್ನ ಕಡಿಂದ ಇನಾಮು."

ಸಣ್ಣ ಬ್ರಷ್ಷಿನಿಂದ ಗೀರುಗಳೊಳಗೆ ಕಪ್ಪು ಬಣ್ಣ ತುಂಬಿದ. ಒಣಗಿದ ಮೇಲೆ ನೀರು ಹಚ್ಚಿದ ನುಣ್ಣನೆ ಪಾಲಿಶ್ ಕಾಗದದಿಂದ ಉಜ್ಜಿ ಸಮ ಮಾಡಿದ. ಮೇಲೆ ಕಂಪೌಂಡ್. ಇಲ್ಲೊಂದು ಗೀರಿತ್ತು ಎಂದರೆ ಯಾರೂ ನಂಬಲಾರರು.

ಬೀಗರು ಬಂದರು, ಹಿಂದೆ ಮಹಾಂತೇಶ. ಒಳಗೆ ಹೋಗಿ ಮೊಮ್ಮಗಳನ್ನು ನೋಡಿ, ಕೋರ್ಟಿನಲ್ಲಿ ಎಂದೂ ನಗದ ಮುಖ ಅಗಲ ಮಾಡಿಕೊಂಡು ಹೊರಗೆ ಬಂದರು. ಕಾರು ಕಂಡಿತು.

"ಏನ್ರಿ ಬೀಗರ, ಗಾಡಿ ಮದಲಗಿತ್ತಿ ಹಂಗ ಕಾಣಾಕತ್ತೈತಲ್ಲ!"

ನಾನು ಉಬ್ಬಿದೆ. ಭೀಮಪ್ಪ ಉಸಿರು ಬಿಟ್ಟ. ಬೀಗರು ಸುತ್ತ ನಡೆದರು. ಎಡಗಡೆಯ ಬಾಗಿಲ ಹತ್ತಿರ ನಿಂತರು. ಕೈಯಿಟ್ಟರು. ಕೈ ಅಲ್ಲೇ ಏನನ್ನೋ ಹುಡುಕಿತು. ಮುಖದ ಮೇಲಿನ ನಗು ಆರಿತು.

"ಇಲ್ಲಿ ಒಂದಿಷ್ಟು ಗೀರಿದ್ದುವಲ್ರಿ?"

"ಇದ್ದುವ್ರಿ! ಅವನ್ನೂ ತಗಸೇನಿ!" ನಾನು ಎದೆ ತಟ್ಟಿ ಹೇಳಿದೆ.

ಅವರ ಕೈ ಅದೇ ಜಾಗವನ್ನು ಮತ್ತೊಮ್ಮೆ ಸವರಿತು. ನಾನು ಗಾಬರಿಯಾಗಿ ಬೂದಿಯಿಂದ ಹಿಡಿದು ಧೋತರದವರೆಗೆ ಎಲ್ಲ ಒಪ್ಪಿಕೊಂಡೆ. ಅವರಿಗೆ ಬೂದಿಯ ಸಿಟ್ಟೇ ಬರಲಿಲ್ಲ. ಅದೇ ನನಗೆ ಇನ್ನೂ ಭಯ ಹುಟ್ಟಿಸಿತು.

ನಮ್ಮ ಮಾತು ಕೇಳಿ ಶಾಂತಾ ತಲೆಗೆ ಬಟ್ಟೆ ಕಟ್ಟಿಕೊಂಡೇ ಬಾಗಿಲಿಗೆ ಬಂದಿದ್ದಳು. "ಅಪ್ಪಾ! ಆ ಗೀರು ತಗಸಿದೀ? ನನ್ನ ಒಂದ ಮಾತು ಕೇಳಬಾರದಾಗಿತ್ತಾ? ಇವರು ಐದು ವರ್ಷದವರಿದ್ದಾಗ ಮೊಳಿ ತಗೊಂಡು ಬರದದ್ದದು. ಮಾವಾರ ಚಿತ್ರ!"

ಮಹಾಂತೇಶ ಬರೆದ ಚಿತ್ರ. ಒಂದು ತಲೆ, ಎರಡು ಕಾಲು, ನಡುವೆ ದೊಡ್ಡ ಮೀಸೆ. ಹೊಸ ಕಾರಿನ ಮೇಲೆ! ಅಂದು ಬೀಗರು ಏನು ಎತ್ತ ನೋಡದೆ ಮಗನ ಕಪಾಳಕ್ಕೆ ಹೊಡೆದಿದ್ದರು. "ನಿಮ್ಮನ್ನ ಬರದೇನ್ರಿ ಅಪ್ಪಾ" ಎಂದು ಅವನು ಅತ್ತದ್ದು ಆಮೇಲೆ. ಅಂದಿನಿಂದ ಎರಡು ಸಲ ಕಾರಿಗೆ ಬಣ್ಣ ಹೊಡೆಸಿದ್ದಾರೆ. ಆ ಬಾಗಿಲಿಗೆ ಮಾತ್ರ ಬ್ರಷ್ ತಾಗಿಸಿಲ್ಲ.

ಅದನ್ನು ನಾನು ಇನಾಮಿನ ಲೆಕ್ಕದಲ್ಲಿ ಅಳಿಸಿದ್ದೆ. ಕೇಳಿದ್ದರೆ ಹೇಳುವವಳು ಗೋಡೆಯ ಆಚೆ ಕೂತಿದ್ದಳು. ಅವಳ ಬಾಗಿಲನ್ನು ನಾವೇ ಮುಚ್ಚಿದ್ದೆವು.

"ನನಗ ಊಟ ಬ್ಯಾಡ್ರಿ," ಎಂದರು ಬೀಗರು. "ಭೀಮಪ್ಪಾ, ಗಾಡಿ ಹಚ್ಚು. ಹೋಗೂಣು."

ಮೊಮ್ಮಗಳು ಮನೆಗೆ ಬಂದ ದಿನ ಬೀಗರು ಉಣ್ಣದೆ ಎದ್ದು ಹೋಗುವುದೇ? ಗೌರವ್ವ ಸೆರಗು ಬಾಯಿಗಿಟ್ಟುಕೊಂಡಳು. ಭೀಮಪ್ಪ ಕೀಲಿ ಹಿಡಿದು ಕಾರಿನ ಕಡೆ ನಡೆದ.

"ಮಾವಾರ," ಎಂದ ಮಹಾಂತೇಶ, "ಅಂಗಡ್ಯಾಗ ಒಂದು ಮೊಳಿ ಇದ್ರ ಕೊಡ್ರಿ."

ಯಾಕೆಂದು ಕೇಳದೆ ಮೊಳೆ ತಂದುಕೊಟ್ಟೆ. ಕಾಲೇಜಿನಲ್ಲಿ ಪಾಠ ಹೇಳುವ ಅಳಿಯ ಇಸ್ತ್ರಿ ಪ್ಯಾಂಟಿನಲ್ಲೇ ಆ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ.

ಕಿರ್ರ್!

"ಯಾ ಅಲ್ಲಾ!" ಮೌಲಾಸಾಬ ತಲೆ ಹಿಡಿದುಕೊಂಡ. ದಿನವಿಡೀ ಬೆವರು ಸುರಿಸಿದ ಅವನ ಹೊಳಪಿನ ಮೇಲೆ ಒಂದು ತಲೆ. ಎರಡು ಕಾಲು. ಮೀಸೆ. ಪಕ್ಕದಲ್ಲಿ ಒಂದು ಸಣ್ಣ ಸುತ್ತು, ಒಳಗೆ ಎರಡು ಚುಕ್ಕಿ ಕಣ್ಣು.

ಬೀಗರು ಚಷ್ಮಾ ಏರಿಸಿ ಬಗ್ಗಿದರು. ಬಹಳ ಹೊತ್ತು ನೋಡಿದರು.

"ಲೇ, ಮೀಸಿ ಸಣ್ಣದಾತಲ್ಲೋ."

"ಈಗ ಅಷ್ಟ ಉಳದೈತ್ರಿ ಅಪ್ಪಾ."

ಬೀಗರ ಹೊಟ್ಟೆ ಮೊದಲು ಅಲುಗಾಡಿತು. ಆಮೇಲೆ ನಗು ಬಂತು. ಒಂದು ಕೈ ಮಗನ ಕೆನ್ನೆಯ ಮೇಲೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ಇತ್ತು. "ಬೀಗರ, ರೊಟ್ಟಿ ಆರಾಕತ್ತಾವೇನ್ರಿ ಮತ್ತ?" ಎಂದರು.

ಎಲ್ಲರೂ ಒಂದೇ ಸಾಲಿಗೆ ಕೂತೆವು. ಬೀಗರು, ಮಹಾಂತೇಶ, ನಾನು, ಎರಡೆರಡು ರೊಟ್ಟಿ ಒಟ್ಟಿಗೇ ಹಾಕಿಸಿಕೊಳ್ಳುವ ಭೀಮಪ್ಪ, ಉಗುರಿನ ಕಪ್ಪು ಇನ್ನೂ ಹೋಗದ ಮೌಲಾಸಾಬ. ಬಾಣಂತಿಯ ಕೋಣೆಯ ಬಾಗಿಲು ಈಗ ಪೂರ್ತಿ ತೆರೆದಿತ್ತು. ಶಾಂತಾ ಅಲ್ಲೇ ತಟ್ಟೆ ಇಟ್ಟುಕೊಂಡಿದ್ದಳು, ಕೂಸು ಉಳಿದ ಧೋತರದ ತುಂಡಿನಲ್ಲಿ ನಿದ್ದೆ ಹೋಗಿತ್ತು. ಗೌರವ್ವ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ ಬಂದಳು.

"ಕಾಕಾ," ಎಂದ ಮೌಲಾಸಾಬ ಬಾಯಿತುಂಬ ಹೋಳಿಗೆ ಇಟ್ಟುಕೊಂಡು, "ಆ ಬಾಗಲದ ಮ್ಯಾಲೆ ಹೊಸಾ ಗೀರು ಬಿದ್ದಾವಲ್ರಿ, ತಗದ ಬಿಡ್ಲೇನು?"

"ಮೊದಲ ಒಳಗ ಶಾಂತಾನ್ನ ಕೇಳಪಾ," ಎಂದೆ.