ಬ್ರೇಕಮ್ಮನ ಜೇನು ಕದನ

ಬ್ರೇಕಮ್ಮನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತ ಅವಳ ಕಾಲಡಿ. ಇವತ್ತು ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತ ಗತ್ತಿನಿಂದ ಓಡಾಡುವ ಡಾಕ್ಟರು, ಬ್ಯಾಂಕಿನವರು, ಬೇಕರಿಯವರೆಲ್ಲ ಒಂದು ಕಾಲದಲ್ಲಿ ಆ ಎರಡನೆಯ ಬ್ರೇಕಿನ ಕೃಪೆಯಿಂದ ಜೀವ ಉಳಿಸಿಕೊಂಡವರೇ. ಅವಳ ನಿಜವಾದ ಹೆಸರು ಲೈಸೆನ್ಸಿನಲ್ಲಿದೆ, ಬೇರೆಲ್ಲೂ ಇಲ್ಲ.

ಗಂಡ ಕೈಗಡಿಯಾರ ರಿಪೇರಿಯವರು. ಕಾಳಿನಷ್ಟು ಸಣ್ಣ ಹಲ್ಲಿನ ಚಕ್ರಗಳ ಜೊತೆ ಬೇಕಾದರೆ ದಿನವಿಡೀ ಕೂರುತ್ತಾರೆ, ದೊಡ್ಡ ಚಕ್ರ ಕಂಡರೆ ಎದ್ದು ಓಡುತ್ತಾರೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಕಾರು ಕಲಿಯುತ್ತೇನೆಂದು ಹೊರಟು ತಮ್ಮದೇ ಅಂಗಡಿಯ ಷಟರಿಗೆ ಗುದ್ದಿ ಬಂದರು. ಬಗ್ಗಿದ ಷಟರ್ ನೋಡಿ ಹೆಂಡತಿ, "ಇಳೀರಿ ಕೆಳಗೆ, ಕೀ ಕೊಡಿ ಇಲ್ಲಿ" ಅಂದಳು. ಅಂದು ಕೈಗೆ ಬಂದ ಕೀ ಇವತ್ತಿನವರೆಗೂ ಅವಳ ಸೊಂಟದಲ್ಲೇ ಇದೆ. ಮಗಳನ್ನು ಓದಿಸಿದ್ದು ಆ ಕೀ, ಮದುವೆ ಮಾಡಿಸಿದ್ದೂ ಆ ಕೀ.

ಆದರೆ ಊರನ್ನೆಲ್ಲ ದಾರಿಗೆ ತಂದ ಬ್ರೇಕಮ್ಮನಿಗೆ ದಾರಿಗೆ ತರಲಾಗದ ಒಂದು ಜೀವ ಮನೆಯಲ್ಲೇ ಇತ್ತು. ತಮ್ಮ. ಅವನು ಬಣ್ಣದ ಮೀನು ಮಾರಿದ, ಮೀನು ಸತ್ತವು. ಜೆರಾಕ್ಸ್ ಅಂಗಡಿ ಇಟ್ಟ, ಪಕ್ಕದಲ್ಲೇ ಇನ್ನೊಂದು ದೊಡ್ಡ ಜೆರಾಕ್ಸ್ ಅಂಗಡಿ ಬಂತು. ಗೋಡೆಗೆ ಬಣ್ಣ ಹೊಡೆಸುವ ಗುತ್ತಿಗೆ ಹಿಡಿದ, ಹಸಿರು ಕೇಳಿದವರ ಮನೆ ಪಾಚಿ ಬಣ್ಣವಾಯಿತು. ಯಾರು ಗದರಿಸಿದರೂ "ಹೌದು, ನಂದೇ ತಪ್ಪು" ಅನ್ನುವವನು. 'ಇಲ್ಲ' ಎಂಬ ಮಾತು ಅವನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ.

ಹೀಗಿದ್ದವನು ಒಂದು ದಿನ ಊರಾಚೆಯ ತೋಟದಲ್ಲಿ ಜೇನುಪೆಟ್ಟಿಗೆ ನೋಡಿ ಬಂದು, "ಅಕ್ಕ, ಅವು ನನ್ನ ಕೈ ಮೇಲೆಲ್ಲ ಓಡಾಡಿದ್ವು, ಒಂದೂ ಕಚ್ಚಲಿಲ್ಲ" ಅಂದ. ಬದುಕಿನಲ್ಲಿ ಮೊದಲ ಸಲ ಅವನನ್ನು ಯಾರೋ ಕಚ್ಚದೆ ಬಿಟ್ಟಿದ್ದರು! ಬ್ರೇಕಮ್ಮ ಆ ತೋಟದವರಿಂದ ಕೆಲವು ಪೆಟ್ಟಿಗೆ ಕೊಂಡಳು. ಮಾರನೆಯ ದಿನವೇ ಕಲಿಕೆಯ ಕಾರಿನ ಹಿಂದಿನ ಸೀಟಿನಲ್ಲಿ ಹುಳುಗಳ ಸಮೇತ ಪೆಟ್ಟಿಗೆಗಳು ಸೂರ್ಯಕಾಂತಿ ತೋಟವೊಂದಕ್ಕೆ ಸವಾರಿ ಹೊರಟವು. ದಾರಿಯಲ್ಲಿ ಪೊಲೀಸು ತಡೆದು, "ಪೆಟ್ಟಿಗೇಲಿ ಏನಿದೆ?" ಎಂದು ಕೇಳಿದ. "ಜೇನುಹುಳು. ತೆಗೆದು ತೋರಿಸ್ಲಾ?" ಅಂದಳು. ಅವನು ಮಾರು ದೂರ ನಿಂತೇ ದಾರಿ ಬಿಟ್ಟ, ಸೆಲ್ಯೂಟನ್ನೂ ಹೊಡೆದ ಎಂದು ಅವಳು ಹೇಳುತ್ತಾಳೆ. ಸೆಲ್ಯೂಟಿನ ವಿಷಯ ತಮ್ಮನಿಗೆ ನೆನಪಿಲ್ಲ.

ಜೇನು ಬಂತು. ಬಾಟಲಿಗಳು ಸೂಪರ್‌ಮಾರ್ಕೆಟ್ಟಿಗೂ ಹೋದವು. ಅಲ್ಲಿನ ಮ್ಯಾನೇಜರ್ ಬ್ರೇಕಮ್ಮನ ಹಳೆಯ ಶಿಷ್ಯ. ರಿವರ್ಸ್ ಗೇರಿನಲ್ಲಿ ಅವನು ಮುರಿದ ಹೂಕುಂಡಗಳ ಕಥೆ ಇವಳ ಹೊಟ್ಟೆಯಲ್ಲಿ ಭದ್ರವಾಗಿತ್ತು. ಹಾಗಾಗಿ ತಮ್ಮನ ಜೇನಿಗೆ ಕಪಾಟಿನ ಕೆಳಗಿನ ಸಾಲಿನಲ್ಲಿ, ಮೊಣಕಾಲಿನ ಎತ್ತರದಲ್ಲಿ, ಜಾಗ ಸಿಕ್ಕಿತು. ತಮ್ಮ ದಿನಾ ಸಂಜೆ ಏನೋ ಕೊಳ್ಳುವ ನೆಪ ಮಾಡಿಕೊಂಡು ಅಲ್ಲಿಗೆ ಹೋಗಿ, ಬಗ್ಗಿ, ತನ್ನ ಬಾಟಲಿಗಳನ್ನು ನೋಡಿ ಬರುತ್ತಿದ್ದ. ಬೆನ್ನು ಬಗ್ಗಿಸಿ ಹೋದವನು ಬರುವಾಗ ನೆಟ್ಟಗೆ ನಡೆದು ಬರುತ್ತಿದ್ದ. ಅಷ್ಟರಲ್ಲಿ ಚಳಿ ಶುರುವಾಯಿತು, ಬಾಟಲಿಯೊಳಗಿನ ಜೇನು ಗಟ್ಟಿಯಾಗಿ ರವೆರವೆಯಾಯಿತು. ಆಗ ಸೂಪರ್‌ಮಾರ್ಕೆಟ್ಟಿಗೆ ಬೀಗಿತ್ತಿ ಬಂದರು.

ಬೀಗಿತ್ತಿ ಎಂದರೆ ಬ್ರೇಕಮ್ಮನ ಮಗಳ ಅತ್ತೆ. ಪರದೆ ಬಟ್ಟೆಯ ದೊಡ್ಡ ಅಂಗಡಿಯ ಒಡತಿ. ನೂಲು ಸುಟ್ಟು ಮೂಸಿ ರೇಷ್ಮೆಯೋ ನೈಲಾನೋ ಹೇಳಬಲ್ಲರು, ಬಟ್ಟೆಯ ಅಂಚನ್ನು ನೀರಿಗದ್ದಿ ಬಣ್ಣ ಬಿಡುತ್ತದೋ ಇಲ್ಲವೋ ಹೇಳಬಲ್ಲರು, ಹೆಬ್ಬೆರಳಲ್ಲಿ ತೀಡಿ ನೇಯ್ಗೆ ಹೇಳಬಲ್ಲರು. ಬಟ್ಟೆಯಲ್ಲಿ ಅವರನ್ನು ಮೀರಿಸುವವರಿಲ್ಲ. ತೊಂದರೆ ಏನೆಂದರೆ, ಜಗತ್ತಿನಲ್ಲಿರುವುದೆಲ್ಲ ಬಟ್ಟೆಯೇ ಎಂದು ಅವರ ನಂಬಿಕೆ. ಜೇನಿಗೂ ಅದೇ ಪರೀಕ್ಷೆ: ಬತ್ತಿಗೆ ಹಚ್ಚಿ ಸುಡುವುದು, ನೀರಿಗೆ ಬಿಡುವುದು, ಹೆಬ್ಬೆರಳ ಮೇಲೆ ಇಟ್ಟು ನೋಡುವುದು. ಅದಕ್ಕೆಂದೇ ಕೈಚೀಲದಲ್ಲಿ ಒಂದು ಗಾಜಿನ ಲೋಟ ಇಟ್ಟುಕೊಂಡೇ ಅವರು ಮನೆಯಿಂದ ಹೊರಡುವುದು.

ಅವರು ತಮ್ಮನ ಬಾಟಲಿಯನ್ನು ತಲೆಕೆಳಗು ಮಾಡಿದರು. ಒಳಗಿನದು ಅಲ್ಲಾಡಲಿಲ್ಲ.

"ಅಯ್ಯಯ್ಯೋ, ಸಕ್ಕರೆ! ನೋಡ್ರೀ ಎಲ್ಲರೂ, ತಳದಿಂದ ಮುಚ್ಚಳದವರೆಗೂ ಸಕ್ಕರೆ! ನಮ್ಮ ಬೀಗರ ತಮ್ಮನದೇ ಸರಕು ಅಂತ ಹೇಳೋಕೆ ನಂಗೇ ನಾಚಿಕೆ ಆಗುತ್ತೆ" ಎಂದು, ನಾಚಿಕೆಯ ಸುಳಿವೂ ಇಲ್ಲದೆ, ಇಡೀ ಅಂಗಡಿಗೆ ಕೇಳುವಂತೆ ಸಾರಿದರು.

ಸಂಜೆಯೊಳಗೆ ಕೊಂಡವರೆಲ್ಲ ಬಾಟಲಿ ವಾಪಸ್ ತಂದರು. ಮ್ಯಾನೇಜರ್ ಫೋನು ಮಾಡಿದ. "ಮೇಡಂ, ಬೇಜಾರು ಮಾಡ್ಕೋಬೇಡಿ. ಭಾನುವಾರದವರೆಗೆ ನೋಡ್ತೀನಿ. ದೂರು ಹೀಗೇ ಬಂದ್ರೆ ಆ ಜಾಗ ಖಾಲಿ ಮಾಡಿಸ್ಬೇಕಾಗುತ್ತೆ."

ತಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದ. "ಸೂರ್ಯಕಾಂತಿ ಹೂವಿನ ಜೇನು ಅಕ್ಕ, ಚಳಿಗೆ ಹರಳುಗಟ್ಟೋದೇ ಅದರ ಸ್ವಭಾವ. ಆದ್ರೆ ಯಾರಿಗೆ ಅಂತ ಹೇಳ್ಲಿ? ಬಿಡು, ನಂದೇ ತಪ್ಪು. ಪೆಟ್ಟಿಗೆಗಳನ್ನ ತೋಟದವರಿಗೇ ಕೊಟ್ಟುಬಿಡ್ತೀನಿ."

"ಕೊಡು, ಕೊಡು! ಆಮೇಲೆ ಮತ್ತೆ ಮೀನು ಸಾಯಿಸು" ಎಂದು ಬ್ರೇಕಮ್ಮ ಸಿಡುಕಿದಳು. ಆದರೆ ಈ ಸಲ ಕೂತವನು ಮತ್ತೆ ಏಳಲಾರ ಎಂದು ಅವಳಿಗೆ ಗೊತ್ತು.

ಮಾರನೆಯ ದಿನ ಅವಳು ತಮ್ಮನಿಗೆ ಹೇಳದೆ ಕೆಲವು ಬಾಟಲಿಗಳನ್ನು ಕಾರಿನ ಮುಂದಿನ ಗಾಜಿನ ಕೆಳಗೆ ಬಿಸಿಲಿಗೆ ಜೋಡಿಸಿ, ಕಿಟಕಿಗಳನ್ನೆಲ್ಲ ಏರಿಸಿ, ಹೀಟರನ್ನು ಪೂರ್ತಿ ತಿರುಗಿಸಿದಳು. ಅಂದು ಕಲಿಯಲು ಬಂದಾಕೆ ಹೊಸದಾಗಿ ನೌಕರಿಗೆ ಸೇರಿದ ನರ್ಸು. ಮೊದಲ ತಿರುವಿನಲ್ಲೇ ಬೆವರಿನಲ್ಲಿ ಮಿಂದಳು.

"ಮೇಡಂ, ಉಸಿರು ಕಟ್ತಾ ಇದೆ. ಕಿಟಕಿ ಇಳಿಸ್ಲಾ?"

"ಆಪರೇಷನ್ ಥಿಯೇಟರಲ್ಲೂ ಹೀಗೇ ಅಂತೀಯಾ? ಗೇರು ಬದಲಾಯ್ಸು."

"ಮೇಡಂ, ಬಾಟಲಿ ಉರುಳ್ತಾ ಇದೆ!"

"ಬಾಟಲಿ ನಾನು ನೋಡ್ಕೋತೀನಿ, ನೀನು ಆ ಸೈಕಲ್ಲಿನವನನ್ನ ನೋಡ್ಕೋ!"

ಸಂಜೆಯ ಹೊತ್ತಿಗೆ ನರ್ಸು ಬಾಡಿದ ಸೊಪ್ಪಾಗಿದ್ದಳು, ಜೇನು ಮಾತ್ರ ಕರಗಿ ಫಳಫಳ ಹೊಳೆಯುತ್ತಿತ್ತು. ಬ್ರೇಕಮ್ಮ ಯುದ್ಧ ಗೆದ್ದ ಸೇನಾಪತಿಯಂತೆ ಬಾಟಲಿಗಳನ್ನು ತಮ್ಮನ ಮುಂದೆ ಸಾಲಾಗಿ ನಿಲ್ಲಿಸಿದಳು. ಅವನು ಒಂದು ಹನಿ ನೆಕ್ಕಿ ನೋಡಿ ಮುಖ ಕಿವುಚಿದ.

"ಇದನ್ನ ಬೇಯಿಸಿದ್ದೀಯ ಅಕ್ಕ. ಹೂವಿನ ವಾಸನೇನೇ ಹೊರಟುಹೋಗಿದೆ."

"ವಾಸನೆ ಬಾಟಲಿ ಹೊರಗಿನಿಂದ ಯಾರಿಗೆ ಕಾಣುತ್ತೋ! ಹೊಳೀತಿದೆಯಲ್ಲ, ಜನಕ್ಕೆ ಅಷ್ಟು ಸಾಕು."

"ಜನಕ್ಕೆ ಸಾಕು ಅಂತ ಕೆಡಿಸಿ ಮಾರೋದಾದ್ರೆ ನಾನು ಮಾರೋದೇ ಇಲ್ಲ." ಅವನು ಬಾಟಲಿಗಳನ್ನೆಲ್ಲ ಬಾಚಿ ಎತ್ತಿಕೊಂಡು ಒಳಗೆ ಹೋದ.

ಬ್ರೇಕಮ್ಮ ಬಾಯಿ ಬಿಟ್ಟುಕೊಂಡು ನಿಂತಳು. ಹುಟ್ಟಿದಾಗಿನಿಂದ ಅವನು ಅವಳ ಮಾತಿಗೆ ಎದುರಾಡಿದ್ದಿಲ್ಲ. ಸಿಟ್ಟು ಬರಬೇಕಿತ್ತು, ಬಂದದ್ದು ಉಪಾಯ. ಜನಕ್ಕೆ ಹೊಳಪೇ ಸಾಕು ಎಂದಾದರೆ ಆ ಹೊಳಪಿಗೆ ಜೇನೇ ಯಾಕೆ ಬೇಕು?

ಒಲೆ ಹೊತ್ತಿತು. ಸಕ್ಕರೆ, ನೀರು, ನಾಲ್ಕು ಹನಿ ನಿಂಬೆರಸ. ಮೊದಲ ಪಾಕ ಕಲ್ಲಾಯಿತು; ಅದನ್ನು ಪಾತ್ರೆಯಿಂದ ಬಿಡಿಸಲು ಗಂಡ ಗಡಿಯಾರದ ಸ್ಕ್ರೂಡ್ರೈವರ್ ತಂದರು. ಎರಡನೆಯದು ಕರಿ ಹಿಡಿದು, ಪಕ್ಕದ ಮನೆಯವರು ಏನು ಸುಡ್ತಿದೆ ಎಂದು ಬಾಗಿಲು ಬಡಿದರು. ಮೂರನೆಯದು ಹದಕ್ಕೆ ಬಂತು: ಹೊಂಬಣ್ಣ, ಸೌಟಿನಿಂದ ಕಡಿಯದೆ ಇಳಿಯುವ ಎಳೆ. ಒಂದು ತೊಟ್ಟನ್ನು ನೀರಿನ ಲೋಟಕ್ಕೆ ಬಿಟ್ಟರೆ ಕದಡದೆ ಸೀದಾ ತಳ ಸೇರಿತು. ಹೆಬ್ಬೆರಳ ಮೇಲೆ ಇಟ್ಟರೆ ಮಣಿಯಂತೆ ನಿಂತಿತು. ಬ್ರೇಕಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಒಂದು ಸುತ್ತು ಕುಣಿದಳು. ಗಂಡ ನೋಡಿಯೂ ನೋಡದವರಂತೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು.

ಆಮೇಲೆ ಫೋನು ಎತ್ತಿದಳು. "ಬೀಗರೇ, ನಿಮ್ಮ ಪರೀಕ್ಷೆ ಅಂದ್ರೆ ಪರೀಕ್ಷೆ. ಭಾನುವಾರ ಅಂಗಡೀಲಿ ಎಲ್ಲರೆದುರು ಒಂದ್ಸಲ ಮಾಡಿಬಿಡಿ. ನಮ್ಮದು ಕಲಬೆರಕೆ ಅಂತ ತೀರ್ಮಾನ ಆದ್ರೆ ಬಾಟಲಿಗಳನ್ನ ನಾನೇ ಹೊತ್ಕೊಂಡು ಹೋಗ್ತೀನಿ."

"ನಿಮ್ಮ ಮನಸ್ಸಿಗೆ ನೋವಾಗುತ್ತಲ್ಲ ಅಂತ ಅಷ್ಟೇ ನನ್ನ ಚಿಂತೆ" ಅಂದರು ಬೀಗಿತ್ತಿ. ಅವರ ದನಿಯಲ್ಲಿ ಸಂಭ್ರಮ ತುಳುಕುತ್ತಿತ್ತು.

ಭಾನುವಾರ ಬೀಗಿತ್ತಿ ಮದುವೆಗೆ ಹೊರಟವರಂತೆ ಸಿಂಗರಿಸಿಕೊಂಡು ಬಂದರು. ಬಿಸ್ಕತ್ತಿನ ಸಾಲಿಗೂ ಸೋಪಿನ ಸಾಲಿಗೂ ನಡುವೆ ಮ್ಯಾನೇಜರ್ ಒಂದು ಮೇಜು ಹಾಕಿಸಿದ್ದ. ಗಾಡಿ ತಳ್ಳುತ್ತಿದ್ದವರೆಲ್ಲ ಸುತ್ತ ನೆರೆದರು. ತಮ್ಮ ಹಿಟ್ಟಿನ ಚೀಲಗಳ ಹಿಂದೆ ಅರ್ಧ ಅಡಗಿ ನಿಂತಿದ್ದ. ಮೇಜಿನ ಮೇಲೆ ಎರಡು ಬಟ್ಟಲು. ಒಂದರಲ್ಲಿ ಅವನ ಹರಳುಗಟ್ಟಿದ ಜೇನು. ಇನ್ನೊಂದರಲ್ಲಿ ಹೊಳೆಯುವ ಹೊಂಬಣ್ಣ.

"ಇದೆಲ್ಲಿಂದ ತಂದಿರಿ?" ಎಂದು ಬೀಗಿತ್ತಿ ಹೊಂಬಣ್ಣದ ಬಟ್ಟಲಿನತ್ತ ಗದ್ದ ಚಾಚಿದರು.

"ಅಂಗಡೀದಲ್ಲ ಬೀಗರೇ. ಮನೇಲೇ ತಯಾರಾದದ್ದು" ಅಂದಳು ಬ್ರೇಕಮ್ಮ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಬೀಗಿತ್ತಿ ಬತ್ತಿ ತೆಗೆದರು. "ಮೇಡಂ, ಬೆಂಕಿ ಮಾತ್ರ ಬೇಡ, ಮೇಲೆ ಅಲಾರಂ ಇದೆ" ಎಂದು ಮ್ಯಾನೇಜರ್ ಕೈಮುಗಿದ. ಸರಿ, ಲೋಟ ಹೊರಬಂತು. ಹೊಂಬಣ್ಣದ ತೊಟ್ಟು ನೀರಿಗೆ ಬಿತ್ತು, ಅತ್ತಿತ್ತ ನೋಡದೆ ತಳ ಸೇರಿತು. ಜನ "ಓಹೋ" ಅಂದರು. ಹೆಬ್ಬೆರಳ ಮೇಲೆ ಹನಿ ಅಲುಗದೆ ಕೂತಿತು. ಬೀಗಿತ್ತಿ ಬೆರಳನ್ನು ದೀಪದ ಕಡೆಗೆ ಎತ್ತಿ ಹಿಡಿದು ಸುತ್ತಲೂ ತೋರಿಸಿದರು.

"ಇದು! ಇದಕ್ಕೆ ಜೇನು ಅಂತಾರೆ! ಅಪ್ಪಟ, ಹತ್ತು ಮನೆ ಹುಡುಕಿದ್ರೂ ಇಂಥದ್ದು ಸಿಗಲ್ಲ. ಇನ್ನು ಆ ರವೆ ಬಟ್ಟಲನ್ನ ನಾನು ಮುಟ್ಟೋದೂ ಇಲ್ಲ."

"ಯಾವ ಹೂವಿನದು ಅಂತೀರಾ ಬೀಗರೇ?"

ಬೀಗಿತ್ತಿ ಬೆರಳು ಚೀಪಿ ಕಣ್ಣು ಮುಚ್ಚಿದರು. "ಕಾಡುಹೂವು. ನೀಲಿ ಬಣ್ಣದ್ದು ಇರ್ಬೇಕು."

"ಬಣ್ಣ ಸರಿಯಾಗಿ ಹೇಳಿದ್ರಿ. ನೀಲೀನೇ! ನನ್ನ ಗ್ಯಾಸ್ ಒಲೆ ಮೇಲೆ ಅರಳುತ್ತಲ್ಲ, ಆ ಹೂವು. ಸಕ್ಕರೆ, ನೀರು, ನಿಂಬೆಹಣ್ಣು. ಜೇನುಹುಳು ಇದರ ಹತ್ತಿರಕ್ಕೂ ಬಂದಿಲ್ಲ."

ಸೋಪಿನ ಸಾಲಿನಲ್ಲಿ ಯಾರೋ ಫಕ್ಕೆಂದು ನಕ್ಕರು, ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಬೀಗಿತ್ತಿಯ ಮುಖ ಮೊದಲು ಕೆಂಪಾಯಿತು, ನಂತರ ಹುಳ್ಳಗಾಯಿತು. ಗೆದ್ದ ಬ್ರೇಕಮ್ಮನಿಗೆ ಆಗಲೇ ನೆನಪಾಯಿತು: ಮಗಳು ನಾಳೆ ಇದೇ ಅತ್ತೆಯ ಎದುರು ಊಟಕ್ಕೆ ಕೂರಬೇಕಲ್ಲ!

ಆದರೆ ಬೀಗಿತ್ತಿ ಸುಮ್ಮನೆ ವ್ಯಾಪಾರ ಮಾಡಿ ಕೂದಲು ನರೆಸಿಕೊಂಡವರಲ್ಲ. ಚಮಚ ಎತ್ತಿ, ಮುಟ್ಟುವುದಿಲ್ಲವೆಂದಿದ್ದ ಬಟ್ಟಲಿಗೇ ಅದ್ದಿ, ಬಾಯಿಗಿಟ್ಟರು. ಹರಳು ನಾಲಿಗೆಯ ಮೇಲೆ ಬೆಣ್ಣೆಯಂತೆ ಕರಗಿತು. ಹಿಟ್ಟಿನ ಚೀಲಗಳ ಹಿಂದಿನಿಂದ ತಮ್ಮ ಕತ್ತು ಚಾಚಿದ.

"ನೈಲಾನಿನ ಹೊಳಪು ನೋಡಿ ರೇಷ್ಮೆ ಅಂತ ಕೊಂಡು ಬರೋ ಗಿರಾಕಿಗಳನ್ನ ನೋಡಿ ದಿನಾ ನಗ್ತೀನಿ" ಅಂದರು ಬೀಗಿತ್ತಿ. "ಇವತ್ತು ಆ ಗಿರಾಕಿ ನಾನೇ. ಎಲ್ಲಿ ಆ ಹುಡುಗ? ಬಾರಪ್ಪ ಈಚೆ! ಇದು ಒಳ್ಳೇದು ಅಂತ ಗೊತ್ತು ಮಾಡ್ಕೊಳ್ಳೋದು ಹೇಗೆ, ನೀನೇ ಹೇಳು."

ತಮ್ಮ ಮುಂದೆ ಬಂದ. ಮೈಮೇಲೆಲ್ಲ ಹಿಟ್ಟು. "ನೀರು, ಬೆರಳು, ಬೆಂಕಿ ಯಾವುದರಿಂದಲೂ ಗೊತ್ತಾಗಲ್ಲಮ್ಮ. ಖಚಿತವಾಗಿ ಬೇಕು ಅಂದ್ರೆ ಪ್ರಯೋಗಾಲಯದಲ್ಲೇ ಪರೀಕ್ಷೆ ಆಗ್ಬೇಕು. ಕೊಳ್ಳೋರು ಇಷ್ಟು ಕೇಳ್ಬಹುದು: ಯಾವ ಹೂವು, ಎಲ್ಲಿಯ ತೋಟ, ತೆಗೆದೋರು ಯಾರು. ಬಾಟಲಿ ಮೇಲೆ ನನ್ನ ಫೋನ್ ನಂಬರಿದೆ. ತೋಟಕ್ಕೆ ಬಂದ್ರೆ ಪೆಟ್ಟಿಗೆ ತೆಗೆದು ತೋರಿಸ್ತೀನಿ."

"ಕೇಳಿದ್ರಲ್ಲ?" ಬೀಗಿತ್ತಿ ಸೆರಗು ಬಿಗಿದು ಜನರತ್ತ ತಿರುಗಿದರು. "ಹರಳುಗಟ್ಟಿದೆ ನೋಡಿ, ಬ್ರೆಡ್ಡಿಗೆ ಹಚ್ಚಿದ್ರೆ ಮೊಣಕೈಗೆ ಇಳಿಯಲ್ಲ! ಮಕ್ಕಳಿರೋ ಮನೆಗೆ ಎರಡು ತಗೊಳ್ಳಿ! ಏಯ್ ಮ್ಯಾನೇಜರ್, ಇಂಥ ಸರಕನ್ನ ಮೊಣಕಾಲಿನ ಹತ್ತಿರ ಇಟ್ಟಿದ್ದೀಯಲ್ಲ, ಗಿರಾಕಿ ಏನು ತೆವಳ್ಕೊಂಡು ಬರ್ಬೇಕಾ? ಮೇಲೆತ್ತು!"

ಬಾಟಲಿಗಳು ಕಣ್ಣಿನ ಎತ್ತರಕ್ಕೆ ಏರಿದವು, ಏರಿದ ವೇಗದಲ್ಲೇ ಖಾಲಿಯಾದವು. ಮಧ್ಯಾಹ್ನದೊಳಗೆ, ಈ ಜೇನನ್ನು ಮೊದಲು ಗುರುತಿಸಿದ್ದೇ ತಾವು ಎಂದು ಬೀಗಿತ್ತಿ ಹೊಸಬರಿಗೆ ವಿವರಿಸುತ್ತಿದ್ದರು. ಬ್ರೇಕಮ್ಮನ ಬಾಯಿ ತುರಿಸಿತು. ಮಗಳ ಮುಖ ನೆನೆದು ತುಟಿ ಪಿಟಕ್ ಅನ್ನಲಿಲ್ಲ. ಇಡೀ ಕದನದಲ್ಲಿ ಅವಳಿಗೆ ಅತಿ ಕಷ್ಟವಾದದ್ದು ಅದೊಂದೇ.

ಎರಡು ದಿನ ಬಿಟ್ಟು ಮ್ಯಾನೇಜರ್ ಮನೆಗೇ ಬಂದ. "ಸಾರ್, ಜನ ಕೇಳ್ತಾ ಇದ್ದಾರೆ. ಈ ವಾರವೇ ಇನ್ನಷ್ಟು ಬೇಕು. ಕಡಿಮೆ ಬಿದ್ರೆ ಬೇರೆ ಕಡೆಯಿಂದ ತಂದು ನಿಮ್ಮ ಬಾಟಲಿಗೆ ತುಂಬಿಸಿ ಕೊಡಿ, ಯಾರಿಗೆ ಗೊತ್ತಾಗುತ್ತೆ?"

ತಮ್ಮನನ್ನು ಯಾರಾದರೂ 'ಸಾರ್' ಅಂದದ್ದು ಅದೇ ಮೊದಲು. ಬ್ರೇಕಮ್ಮ ಅಡುಗೆಮನೆಯಲ್ಲಿ ಸೌಟು ಹಿಡಿದವಳು ಹಿಡಿದ ಹಾಗೇ ಕಿವಿಯಾದಳು. ಹೌದು ಅಂದುಬಿಡುತ್ತಾನೋ ಏನೋ!

"ಇಲ್ಲ" ಅಂದ ತಮ್ಮ. ಗಟ್ಟಿಯಾಗಿ, ನಿಧಾನವಾಗಿ, ರುಚಿ ನೋಡುವವನಂತೆ. "ಹೂವು ಬಿಡಲಿ. ಹುಳು ತರಲಿ. ಆಮೇಲೆ ನಾನೇ ಹೇಳಿ ಕಳಿಸ್ತೀನಿ. ಅಲ್ಲಿವರೆಗೆ ಆ ಜಾಗ ಹಾಗೇ ಇರಲಿ."

"ಖಾಲಿನಾ ಸಾರ್?"

"ಖಾಲಿ."

ಮ್ಯಾನೇಜರ್ ತಲೆಯಾಡಿಸಿ ಹೊರಟ. ಸೂಪರ್‌ಮಾರ್ಕೆಟ್ಟಿನಲ್ಲಿ ಕಣ್ಣಿನ ಎತ್ತರದ ಆ ಸಾಲು ಚಳಿ ಮುಗಿಯುವವರೆಗೂ ಖಾಲಿಯೇ ಇತ್ತು, ಯಾರಿಗೂ ಬಿಟ್ಟುಕೊಡದ ಸಿಂಹಾಸನದ ಹಾಗೆ. ತಮ್ಮ ಈಗಲೂ ದಿನಾ ಸಂಜೆ ಹೋಗಿ ನೋಡಿ ಬರುತ್ತಾನೆ. ಬಗ್ಗಬೇಕಾಗಿಲ್ಲ.