ಬಲಗಿವಿಯ ಕಚ್ಚು

ಡಿಸೆಂಬರ್ 3, ಮಂಗಳವಾರ, ಬೆಳಿಗ್ಗೆ 10.40. ನಾಲ್ಕನೇ ತರಗತಿಗೆ ಸಮಮಿತಿ ಪಾಠ ಶುರು. ಮಕ್ಕಳು ಹತ್ತೊಂಬತ್ತು. ಆ ದಿನದ ಡೈರಿಯಲ್ಲಿ ಇಷ್ಟೇ ಇದೆ. ಉಳಿದದ್ದನ್ನು ಬರೆಯಲು ಎಂಟು ದಿನ ಹಿಡಿಯಿತು.

ನಾನು ದೊಡ್ಡಉಳ್ಳಾರ್ತಿ ಕಡೆಯ ಸಣ್ಣ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಚಳ್ಳಕೆರೆಯಲ್ಲಿ ರೂಮು ಮಾಡಿಕೊಂಡು ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಹುಟ್ಟಿದ್ದು ಮೊಳಕಾಲ್ಮೂರಿನಲ್ಲಿ. ಅವ್ವ ರೇಷ್ಮೆ ಸೀರೆ ನೇಯುತ್ತಾಳೆ. ಎರಡು ಅಂಚಿನ ನಡುವೆ ಒಂದು ಹೂವಿನಷ್ಟು ವ್ಯತ್ಯಾಸ ಬಂದರೂ ಬಿಚ್ಚಿ ಮತ್ತೆ ನೇಯುವ ಮನೆ ನಮ್ಮದು. ಎರಡು ಬದಿ ಹೊಂದದಿದ್ದರೆ ಅದು ತಪ್ಪು ಎಂದೇ ತಿಳಿದು ಬೆಳೆದೆ.

ಪಾಠ ಸುಲಭದ್ದು. ಹಾಳೆಯನ್ನು ನಡುವೆ ಮಡಚಿ ಬಿಡಿಸಿ, ಒಂದು ಬದಿಗೆ ಮಾತ್ರ ಅರ್ಧ ಮುಖವನ್ನು ಬಣ್ಣದಲ್ಲಿ ಬರೆದು, ಒಣಗುವ ಮೊದಲೇ ಮತ್ತೆ ಮಡಚಿ ಒತ್ತಬೇಕು. ಇನ್ನರ್ಧ ತಾನಾಗಿ ಮೂಡುತ್ತದೆ. ಚಿಟ್ಟೆಗಿಂತ ಈ ಮಕ್ಕಳಿಗೆ ಕುರಿ ಹತ್ತಿರ ಎಂದು ಕುರಿಯ ಮುಖವನ್ನು ಆರಿಸಿದ್ದೆ. ಹದಿನೆಂಟು ಕುರಿಗಳು ನಾನು ಬೋರ್ಡಿನ ಮೇಲೆ ಬರೆದಂತೆಯೇ ಬಂದವು. ಹತ್ತೊಂಬತ್ತನೆಯದು ಹಿಂದಿನ ಸಾಲಿನ ಹುಡುಗಿಯದು. ಅವಳು ಕಿವಿಯ ತುದಿಯಲ್ಲಿ ಚಿಕ್ಕ ತ್ರಿಕೋನದಷ್ಟು ಜಾಗಕ್ಕೆ ಬಣ್ಣ ಬಳಿಯದೆ ಬಿಟ್ಟಿದ್ದಳು. ಒತ್ತಿದಾಗ ಇನ್ನೊಂದು ಕಿವಿಯಲ್ಲೂ ಅದೇ ಖಾಲಿ ಮೂಡಿತ್ತು. ಆ ಎರಡನೆಯದನ್ನು ಮಾತ್ರ ಬೆರಳಿನಿಂದ ಬಣ್ಣ ಮೆತ್ತಿ ಮುಚ್ಚಿಬಿಟ್ಟಿದ್ದಳು.

"ಎರಡೂ ಕಿವಿ ಒಂದೇ ಥರ ಇರ್ಬೇಕು," ಎಂದೆ.

"ಹಂಗೆ ಮಾಡಂಗಿಲ್ಲ ಟೀಚರ್."

"ಯಾಕೆ?"

ಅವಳು ಬಣ್ಣ ಮೆತ್ತಿದ ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು. ನಾನು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು, ಕತ್ತರಿ ತಗೊಂಡು ಎರಡು ಕಿವಿಯ ತುದಿಗಳನ್ನೂ ಒಂದೇ ಅಳತೆಗೆ ಕತ್ತರಿಸಿ ಕೊಟ್ಟೆ.

ಮುಂದಿನ ಸಾಲಿನ ಹುಡುಗನೊಬ್ಬ ಹಿಂದೆ ತಿರುಗಿದ. "ಏಯ್ ಕುರಿಕಳ್ಳಿ, ಯಾರ ಕುರಿ ಹೊಡ್ಕಂಡ್ ಬಂದ್ಯೇ?"

ಇಡೀ ತರಗತಿ ನಕ್ಕಿತು. ಯಾಕೆಂದು ತಿಳಿಯದೆ ನಾನೂ ನಕ್ಕೆ. ಅದನ್ನೂ ಬರೆದಿಡಬೇಕು.

ಬುಧವಾರ, ಗುರುವಾರ, ಶುಕ್ರವಾರ ಅವಳು ಬರಲಿಲ್ಲ. ಜೂನ್‌ನಿಂದ ಅಲ್ಲಿಯವರೆಗೆ ತಪ್ಪಿಸಿದ್ದು ಎರಡೇ ದಿನ. ಶುಕ್ರವಾರ ಅವಳ ಪಕ್ಕದ ಮನೆಯ ಗೆಳತಿಯನ್ನು ಕೇಳಿದೆ.

"ಬರೋ ಬುಧವಾರ ಅವರ ಕುರಿ ಮೇವಿಗೆ ಅಂತ ಭತ್ತದ ಸೀಮೆಗೆ ಹೊರಡ್ತಾವೆ ಟೀಚರ್. ಅವಳೂ ಅವರವ್ವನ ಸಂಗಡ ಹೋಗ್ತಾಳಂತೆ."

ಪ್ರತಿ ವರ್ಷ ಅಪ್ಪ, ಅವ್ವ ಮಂದೆಯ ಜೊತೆ ಹೋದರೆ ಅವಳು ಅಜ್ಜಿಯ ಹತ್ತಿರ ಉಳಿದು ಶಾಲೆಗೆ ಬರುತ್ತಿದ್ದಳು. ಈ ಸಲ ಹೋದರೆ ವಾಪಸ್ ಬರುವುದು ಮಳೆ ಬಿದ್ದ ಮೇಲೆ. ಅವಳ ಈ ವರ್ಷದ ಓದು ಅಲ್ಲಿಗೆ ಮುಗಿದಂತೆ. ಅದೂ ನನ್ನಿಂದ ಇರಬಹುದು ಎನ್ನಿಸಿತು.

ಡಿಸೆಂಬರ್ 7, ಶನಿವಾರ, ಸಂಜೆ 5.20. ಅವರ ಕುರಿ ರೊಪ್ಪಕ್ಕೆ ಹೋದೆ. ಮುಳ್ಳುಬೇಲಿಯ ಬಾಗಿಲಲ್ಲಿ ಅಜ್ಜಿ ಕೂತು, ಒಳಗೆ ಹೋಗುವ ಕುರಿಗಳನ್ನು ಎಣಿಸುತ್ತಿದ್ದರು. ಎಣಿಸಿ ಮುಗಿಯುವವರೆಗೆ ನನ್ನ ಕಡೆ ನೋಡಲಿಲ್ಲ.

"ಕುರಿ ಕಿವಿ ಕೊಯ್ದ ಟೀಚರಮ್ಮ ನೀನೇ ಏನವ್ವಾ?"

"ಹೂಂ ಅಜ್ಜಿ."

"ಬಾ, ಕೂತ್ಕ. ಕತ್ರಿ ತಂದಿಲ್ಲ ತಾನೆ?"

ಅವರೇ ಬಿಡಿಸಿ ಹೇಳಿದರು. ಮರಿ ಹುಟ್ಟಿದ ಮೇಲೆ ಗುರುತಿಗೆ ಅಂತ ಕಿವಿ ತುದಿಯನ್ನು ಚೂರು ಕೊಯ್ಯುತ್ತಾರೆ, ಅದೇ ಕಚ್ಚು. "ನಮ್ಮದು ಬಲಗಿವಿ. ಎಡಗಿವಿ ನನ್ನ ಮೈದುನಂದು. ಎರಡೂ ಕಿವಿ ಕೊಯ್ದಿದ್ರೆ, ಯಾರೋ ಹಳೇ ಗುರುತು ಕೆಡಿಸವ್ರೆ ಅಂತ. ಅಂಥಾ ಕುರಿ ಸಂತೆಗೆ ತಂದೋನ್ನ ನಾಕು ಜನ ನಿಲ್ಲಿಸ್ಕೊಂಡು ಕೇಳ್ತಾರೆ."

ಮಕ್ಕಳು ನಕ್ಕಿದ್ದು ಯಾಕೆಂದು ಆಗ ತಿಳಿಯಿತು. ಹುಡುಗಿ ಬೇಲಿಯ ಒಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ತಪ್ಪು ನಂದು. ನಂಗೆ ಗೊತ್ತಿರ್ಲಿಲ್ಲ," ಎಂದೆ. "ಕಲಿಸ್ತೀಯಾ?"

ಅವಳು ಒಂದು ಕುರಿಯ ಗದ್ದ ಹಿಡಿದು ನನ್ನೆದುರು ನಿಲ್ಲಿಸಿದಳು. "ಯಾವ ಕಿವಿ ಹೇಳ್ರಿ."

"ಎಡ."

ಅಜ್ಜಿ ನಕ್ಕರು. "ಅದು ನಿಮ್ಮ ಎಡ ಟೀಚರ್," ಎಂದಳು ಹುಡುಗಿ. "ಕುರಿ ನಿಂತಂಗೆ ನಿಂತು ನೋಡ್ರಿ." ನನ್ನ ಕೈ ಹಿಡಿದು, ಕುರಿಯ ಮುಖ ಇದ್ದ ಕಡೆಗೆ ನನ್ನನ್ನೂ ತಿರುಗಿಸಿದಳು. ಮೊದಲ ಹತ್ತು ಕುರಿಗಳಲ್ಲಿ ನಾಲ್ಕು ತಪ್ಪು ಹೇಳಿದೆ. ಮುಂದಿನ ಹತ್ತರಲ್ಲಿ ಒಂದು.

"ಸೋಮವಾರ ಇದನ್ನ ಎಲ್ಲರಿಗೂ ನೀನೇ ಹೇಳ್ಬೇಕು."

"ಕಳ್ಳಿ ಅಂತಾರೆ."

"ಅವರು ಬಾಯಿ ತೆಗೆಯೋಕೆ ಮುಂಚೆ ನನ್ನ ತಪ್ಪು ನಾನೇ ಹೇಳ್ತೀನಿ."

ಅವಳು ಅಜ್ಜಿಯ ಮುಖ ನೋಡಿದಳು. "ಹೋಗೇ," ಎಂದರು ಅಜ್ಜಿ. "ಟೀಚರಮ್ಮಂಗೆ ಇನ್ನೂ ಎಡ ಬಲ ಪೂರಾ ಬಂದಿಲ್ಲ."

ಸೋಮವಾರ ಅವಳು ಬಂದಳು. ನಾನು ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಯಾರೂ ನಗಲಿಲ್ಲ. ಅವಳು ಹೊಸದಾಗಿ ಕುರಿಯ ಮುಖ ಬರೆದ ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದಳು: "ಮುಖ ಎರಡು ಕಡೆನೂ ಒಂದೇ. ಕಚ್ಚು ಒಂದೇ ಕಡೆ. ಎರಡು ಕಡೆ ಇದ್ರೆ ಯಾರ ಕುರಿ ಅಂತ ಹೆಂಗೆ ಗೊತ್ತಾಗ್ತೈತೆ?" ಇದಕ್ಕಿಂತ ಚೆನ್ನಾಗಿ ಸಮಮಿತಿಯನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವಳನ್ನು ಕಳ್ಳಿ ಎಂದಿದ್ದ ಹುಡುಗನೇ ಎದ್ದು, "ನಮ್ಮದೂ ಬಲಗಿವೀನೇ, ಆದ್ರೆ ಕೆಳಗಡೆ," ಎಂದು ಬೋರ್ಡಿಗೆ ಬಂದ. ಹತ್ತೊಂಬತ್ತು ಮಕ್ಕಳ ಮನೆಗಳಲ್ಲಿ ಏಳು ಮನೆಗೆ ಕುರಿ ಇವೆ. ಏಳೂ ಕಚ್ಚುಗಳು ಬೋರ್ಡಿನ ಮೇಲೆ ಬಂದವು. ಆಮೇಲೆ ಕೊಟ್ಟ ಚಿತ್ರಗಳಲ್ಲಿ ಮಡಿಕೆಯ ಗೆರೆಯನ್ನು ಹದಿನೇಳು ಮಕ್ಕಳು ಸರಿಯಾಗಿ ಎಳೆದರು.

ಡಿಸೆಂಬರ್ 11, ಬುಧವಾರ. ಮಂದೆ ಬೆಳಗಾಗುವ ಮುಂಚೆಯೇ ಹೊರಟಿತಂತೆ. 9.50ಕ್ಕೆ ಅವಳು ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದಳು. ಅತ್ತು ಕಣ್ಣು ಊದಿತ್ತು, ತಲೆಗೆ ಅಜ್ಜಿ ಎಣ್ಣೆ ಹಚ್ಚಿ ಬಾಚಿದ್ದರು. ಬೈಯುವ ಹಕ್ಕಿದ್ದರೂ ಬೈಯದೆ ಕೂರಿಸಿಕೊಂಡು ಕಲಿಸಿದ ಆ ಅಜ್ಜಿಗೆ, ಮತ್ತೆ ಬಂದು ನನಗೆ ಇನ್ನೊಂದು ಅವಕಾಶ ಕೊಟ್ಟ ಅವಳಿಗೆ ನಾನು ಋಣಿ.

ಅಜ್ಜಿಯ ಮನೆಯವರು ಸಂತೆಯಲ್ಲಿ ಕೊಂಡ ಒಂದು ಕುರಿಯ ಎಡಗಿವಿಯ ನಡುವೆ ದುಂಡನೆಯ ತೂತಿದೆ. ಅದು ಯಾರ ಗುರುತೆಂದು ಅಜ್ಜಿಗೂ ತಿಳಿಯದು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕಚ್ಚುಗಳನ್ನು ಬಲ್ಲವರು, ಯಾವ ಮನೆಗೆ ಯಾವ ಕಿವಿ ಎಂದು ಮೊದಲು ಯಾರು ಗೊತ್ತುಮಾಡುತ್ತಿದ್ದರು ಎಂಬುದನ್ನು ಹಿರಿಯರಿಂದ ಕೇಳಿದವರು, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಜೊತೆಗೆ ಕಿವಿಯ ಚಿತ್ರವೂ ಇದ್ದರೆ ಮಕ್ಕಳಿಗೆ ಅನುಕೂಲ.